ಚುಟ್ಟಿ ಕಾಣದ ಫೋಟೋ

ರಾತ್ರಿ ಒಂದು ಗಂಟೆ ದಾಟಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮೊದಲ ಪ್ರವೇಶ ಮುಗಿದ ಮೇಲೆ ನಾನು ಕ್ಯಾಮೆರಾ ಹಿಡಿದುಕೊಂಡು, ವೇಷ ಕಟ್ಟುವ ಜಾಗವಾದ ಚೌಕಿಗೆ ಹೋದೆ. ವೇಷಧಾರಿ ಕಿರೀಟ ಇಳಿಸಿಟ್ಟು, ಪೆಟ್ಟಿಗೆಯ ಮೇಲೆ ಕೂತು ಗಾಳಿ ಹಾಕಿಕೊಳ್ಳುತ್ತಿದ್ದರು. ಬೆಳಗಿನ ಜಾವ ಅವರಿಗೆ ಇನ್ನೊಂದು ಪ್ರವೇಶ ಇತ್ತು. ತೆಗೆದ ಫೋಟೋ ತೋರಿಸಿದೆ. ಅವರು ಪರದೆಯನ್ನು ಹತ್ತಿರ ಹಿಡಿದು ನೋಡಿದರು. "ಚುಟ್ಟಿಯೇ ಕಾಣುವುದಿಲ್ಲವಲ್ಲ ಮಾರಾಯ್ರೆ" ಅಂದರು.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ ನೋಡಿದವರಿಗೆ ಆ ಮಾತಿನ ಹಿಂದಿನ ಬೇಸರ ಗೊತ್ತಾಗುತ್ತದೆ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳನ್ನು ಮುಖದ ಮೇಲೆ ಇಡುತ್ತಾರೆ, ಅದೇ ಚುಟ್ಟಿ. ಒಂದು ಸುತ್ತು ಒಣಗಿದ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರಬೇಕು. ಅಷ್ಟೆಲ್ಲ ಕೆಲಸ ನನ್ನ ಫೋಟೋದಲ್ಲಿ ಒಂದು ಬಿಳಿ ಪಟ್ಟಿಯಾಗಿ ಕರಗಿ ಹೋಗಿತ್ತು. ಎದುರು ಕೂತ ನನ್ನ ಕಣ್ಣಿಗೆ ಒಂದೊಂದು ಮುಳ್ಳೂ ಕಂಡಿತ್ತು. ಕ್ಯಾಮೆರಾಕ್ಕೆ ಯಾಕೆ ಕಾಣಲಿಲ್ಲ?

ಕ್ಯಾಮೆರಾದೊಳಗಿನ ಸೆನ್ಸರ್ ಅಂದರೆ ಮಳೆಗೆ ಅಂಗಳದ ತುಂಬ ಸಾಲಾಗಿ ಇಟ್ಟ ತೆಂಗಿನ ಚಿಪ್ಪುಗಳು ಅಂದುಕೊಳ್ಳಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2 ಕೋಟಿ 40 ಲಕ್ಷ ಚಿಪ್ಪುಗಳಿರುತ್ತವೆ. ಬೆಳಕು ಹನಿಹನಿಯಾಗಿ, ಅಂದರೆ ಫೋಟಾನ್‌ಗಳಾಗಿ ಬಂದು ಬೀಳುತ್ತದೆ. ಪ್ರತಿ ಹನಿಯೂ ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಬಹುದು. ಮಳೆ ನಿಂತ ಮೇಲೆ ಯಾವ ಚಿಪ್ಪಿನಲ್ಲಿ ಎಷ್ಟು ನೀರಿದೆ ಅಂತ ಕ್ಯಾಮೆರಾ ಅಳೆಯುತ್ತದೆ. ಜಾಸ್ತಿ ಇದ್ದರೆ ಬಿಳುಪು, ಕಡಿಮೆ ಇದ್ದರೆ ಕಪ್ಪು. ಫೋಟೋ ಅಂದರೆ ಈ ಅಳತೆಗಳ ಪಟ್ಟಿ.

ಆದರೆ ಚಿಪ್ಪು ತುಂಬಿ ಉಕ್ಕಿದರೆ? ಉಕ್ಕಿ ಹರಿದ ಚಿಪ್ಪನ್ನು ನೋಡಿ ಎಷ್ಟು ಮಳೆ ಬಂತು ಅಂತ ಹೇಳಲು ಆಗುವುದಿಲ್ಲ. ಸ್ವಲ್ಪ ಉಕ್ಕಿದ್ದೂ ಒಂದೇ, ತುಂಬ ಉಕ್ಕಿದ್ದೂ ಒಂದೇ. ನನ್ನ ಫೋಟೋದಲ್ಲಿ ಆದದ್ದು ಇದೇ. ಚುಟ್ಟಿಯ ತುದಿ ಬೆಳ್ಳಗೆ, ಬುಡದ ನೆರಳು ಅದಕ್ಕಿಂತ ಸ್ವಲ್ಪ ಮಂದ. ಎರಡೂ ಬಿದ್ದ ಚಿಪ್ಪುಗಳು ತುಂಬಿಬಿಟ್ಟಿದ್ದವು. ಹಾಗಾಗಿ ಎರಡಕ್ಕೂ ಒಂದೇ ಅಂಕಿ ಸಿಕ್ಕಿತು. ಹೀಗೆ ಸುಟ್ಟುಹೋದ ಬಿಳುಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ವಾಪಸು ತರಲು ಬರುವುದಿಲ್ಲ. ಬರೀ ಬೂದು ಬಣ್ಣ ಬಳಿದ ಹಾಗಾಗುತ್ತದೆ. ಕತ್ತಲಾದ ಭಾಗವನ್ನಾದರೆ ಮೇಲೆತ್ತಬಹುದು, ಅಲ್ಲಿ ಸ್ವಲ್ಪವಾದರೂ ನೀರು ಇರುತ್ತದೆ.

ಅಷ್ಟು ಬೆಳಕು ಬಿಡು ಅಂತ ಕ್ಯಾಮೆರಾಕ್ಕೆ ಹೇಳಿದ್ದು ಯಾರು? ನಾನಲ್ಲ. ಆಗ ಕ್ಯಾಮೆರಾ ಆಟೋ ಮೋಡ್‌ನಲ್ಲಿತ್ತು. ಅದರೊಳಗಿನ ಬೆಳಕು ಅಳೆಯುವ ಮೀಟರ್ ತನ್ನ ಮುಂದಿರುವ ನೋಟ ಒಟ್ಟಾರೆ ನಡುಬೂದು ಬಣ್ಣದ್ದು ಅಂದುಕೊಂಡು ಲೆಕ್ಕ ಹಾಕುತ್ತದೆ. ಫೋಟೋ ತೆಗೆಯುವವರು ಬಹಳ ಕಾಲದಿಂದ ಬಳಸುವ ಬೂದು ಕಾರ್ಡ್, ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ವಾಪಸು ಕೊಡುತ್ತದೆ. ಹೆಚ್ಚುಕಡಿಮೆ ಅದೇ ಮೀಟರಿನ ನಂಬಿಕೆ. ನಿತ್ಯದ ನೋಟಗಳಿಗೆ ಈ ನಂಬಿಕೆ ಸಾಕು. ಎಮ್ಮೆಯ ಮೈ ತುಂಬುವ ಹಾಗೆ ಫೋಟೋ ತೆಗೆದರೆ ಮಾತ್ರ ಅದು ಬೂದಿ ಬಳಿದ ಎಮ್ಮೆಯಾಗುತ್ತದೆ. ಒಗೆದು ಹರವಿದ ಬಿಳಿ ಪಂಚೆ ಕೊಳೆಯಾದಂತೆ ಬರುತ್ತದೆ. ರಂಗಸ್ಥಳದಲ್ಲಿ ವೇಷದ ಹಿಂದೆ ಇಡೀ ರಾತ್ರಿಯ ಕತ್ತಲೆ. ನೋಟದ ಮುಕ್ಕಾಲು ಭಾಗ ಕಪ್ಪು. ಮೀಟರ್ ಆ ಕಪ್ಪನ್ನು ಬೂದು ಮಾಡಲು ಹೊರಟಿತು, ಮುಖ ಉಕ್ಕಿ ಹರಿಯಿತು. ಈಗಿನ ಕ್ಯಾಮೆರಾಗಳು ಮುಖವನ್ನು ಗುರುತಿಸುತ್ತವೆ, ನಿಜ. ಆದರೆ ಕೆಂಪು, ಕಪ್ಪು, ಬಿಳಿ ಬಳಿದ ರಾಕ್ಷಸನ ಮುಖ ಅವುಗಳಿಗೆ ಮುಖ ಅನ್ನಿಸಬೇಕಲ್ವಾ?

ಮ್ಯಾನುಯಲ್‌ಗೆ ತಿರುಗಿಸಿದೆ. ಈಗ ಮೂರು ಗುಂಡಿಗಳೂ ನನ್ನ ಕೈಯಲ್ಲಿ. ಬೆಳಕು ಬರುವ ಬಾಗಿಲು ಎಷ್ಟು ಅಗಲ ಅನ್ನುವುದು ಅಪರ್ಚರ್. ಅದು ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದು ಶಟರ್. ಸಿಕ್ಕ ಅಳತೆಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವುದು ಐಎಸ್‌ಒ. ಮೂರೂ ಫೋಟೋವನ್ನು ಬೆಳಗಿಸುತ್ತವೆ. ಮೂರೂ ಬದಲಿಗೆ ಏನನ್ನೋ ಕೇಳುತ್ತವೆ.

ಮೊದಲು ಶಟರ್. ಪುಂಡುವೇಷ, ಅಂದರೆ ಚುರುಕಾಗಿ ಕುಣಿಯುವ ತರುಣ ಪಾತ್ರ, ಧೀಂಗಿಣ ಹೊಡೆಯುತ್ತಾ ಹಾರಿ ಸುತ್ತುವಾಗ ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಸಾಗುತ್ತದೆ ಅಂದುಕೊಳ್ಳೋಣ. ಶಟರ್ ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೆ, ಅಷ್ಟರಲ್ಲಿ ಕೈ 5 ಸೆಂಟಿಮೀಟರ್ ಸರಿದಿರುತ್ತದೆ. 2 ಮೀಟರ್ ಎತ್ತರದ ನೋಟ 4000 ಪಿಕ್ಸೆಲ್‌ಗಳಲ್ಲಿ ಕೂತಿದ್ದರೆ, 5 ಸೆಂಟಿಮೀಟರ್ ಅಂದರೆ 100 ಪಿಕ್ಸೆಲ್. ಕೈ ಹೊಗೆಯಾಗುತ್ತದೆ. 500ನೇ ಒಂದು ಭಾಗಕ್ಕೆ ಇಳಿಸಿದರೆ 6 ಮಿಲಿಮೀಟರ್, 12 ಪಿಕ್ಸೆಲ್. ಪರವಾಗಿಲ್ಲ. ಆದರೆ ಚುಟ್ಟಿಯ ಒಂದು ಮುಳ್ಳಿನ ದಪ್ಪ 2-3 ಮಿಲಿಮೀಟರ್. ಅಂದರೆ ಅದಕ್ಕೆ ಸಿಗುವುದೇ ನಾಲ್ಕರಿಂದ ಆರು ಪಿಕ್ಸೆಲ್. ಮುಖ ಅದೇ ವೇಗದಲ್ಲಿ ತಿರುಗಿದರೆ 500ನೇ ಒಂದು ಭಾಗವೂ ಸಾಲದು, ಮುಳ್ಳು ಮುಳ್ಳಿಗೆ ಅಂಟಿಕೊಳ್ಳುತ್ತದೆ.

ಹೊಗೆಯಾಗುವುದು ತಪ್ಪು ಅಂತ ನಾನು ಹೇಳುವುದಿಲ್ಲ. 30ನೇ ಒಂದು ಭಾಗದಲ್ಲಿ ತೆಗೆದ ಧೀಂಗಿಣದ ಒಂದು ಫೋಟೋ ನನಗೆ ತುಂಬ ಇಷ್ಟ. ಪಾದ ನೆಲಕ್ಕೆ ತಾಗಿದ ಗಳಿಗೆ ಅದು. ಆ ಒಂದು ಪಾದ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಬಣ್ಣದ ಸುಳಿ. ಅಲ್ಲಿ ಕುಣಿತ ಕಾಣುತ್ತದೆ. 1000ನೇ ಒಂದು ಭಾಗದಲ್ಲಿ ತೆಗೆದರೆ ವೇಷ ಗಾಳಿಯಲ್ಲಿ ನೇತುಹಾಕಿದ ಹಾಗೆ ಬರುತ್ತದೆ, ಚೆಂಡೆಯ ಪೆಟ್ಟು ಕೇಳಿಸುವುದೇ ಇಲ್ಲ.

ಫ್ಲಾಶ್ ಹಾಕಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಆಟದ ಮಧ್ಯೆ ಫ್ಲಾಶ್ ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ. ಕುಣಿಯುವವರ ಕಣ್ಣು ಕತ್ತಲಾಗುತ್ತದೆ. ಅದಲ್ಲದೆ ನೇರ ಎದುರಿನಿಂದ ಬಿದ್ದ ಬೆಳಕು ನೆರಳನ್ನು ಅಳಿಸಿಬಿಡುತ್ತದೆ. ನೆರಳಿಲ್ಲದಿದ್ದರೆ ಮುಳ್ಳು ಮುಳ್ಳಾಗಿ ಕಾಣುವುದೇ ಇಲ್ಲ.

ಇನ್ನು ಲೆನ್ಸ್. ನನ್ನ ಬಳಿ ಇದ್ದದ್ದು 85 ಮಿಲಿಮೀಟರ್, ಎಫ್ 1.8. ಈ ಎಫ್ ಅಂಕಿ ಹೊಸಬರನ್ನು ಹೆದರಿಸುತ್ತದೆ. ಲೆಕ್ಕ ಸುಲಭ: ಲೆನ್ಸಿನ ಫೋಕಲ್ ದೂರವನ್ನು, ನನ್ನದರಲ್ಲಿ ಆ 85 ಮಿಲಿಮೀಟರನ್ನು, ಬಾಗಿಲಿನ ಅಗಲದಿಂದ ಭಾಗಿಸಿದರೆ ಎಫ್ ಅಂಕಿ. 85ನ್ನು 1.8ರಿಂದ ಭಾಗಿಸಿ, ಬಾಗಿಲಿನ ಅಗಲ 47 ಮಿಲಿಮೀಟರ್ ಅಂತ ಬರುತ್ತದೆ. ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. 1.4, 2, 2.8, 4, 5.6, 8 ಅನ್ನುವ ವಿಚಿತ್ರ ಸಾಲು ಇದೆಯಲ್ಲ, ಅದರಲ್ಲಿ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ ಆಗುತ್ತದೆ. ಬಾಗಿಲು ದುಂಡಗಿರುವುದರಿಂದ ವಿಸ್ತಾರ ಅರ್ಧ ಆಗಬೇಕಾದರೆ ಅಗಲ 1.4 ಪಟ್ಟು ಕಿರಿದಾದರೆ ಸಾಕು.

ಮೊಬೈಲಿನಲ್ಲೂ ಎಫ್ 1.8 ಅಂತ ಬರೆದಿರುತ್ತದೆ. ಆದರೆ ಅದರ ಲೆನ್ಸಿನ ಫೋಕಲ್ ದೂರ 6 ಮಿಲಿಮೀಟರ್ ಆಸುಪಾಸು, ಬಾಗಿಲು 3-4 ಮಿಲಿಮೀಟರ್ ಅಷ್ಟೆ. ಒಂದೇ ಜಾಗದಲ್ಲಿ ನಿಂತು ತೆಗೆದರೆ, ಅದೇ ಮುಖದಿಂದ ಅಷ್ಟೇ ಹೊತ್ತಿನಲ್ಲಿ ನನ್ನ ಲೆನ್ಸ್ ನೂರಕ್ಕೂ ಹೆಚ್ಚು ಪಟ್ಟು ಬೆಳಕನ್ನು ಬಾಚಿಕೊಳ್ಳುತ್ತದೆ. ಈ ಕೊರತೆ ತುಂಬಲು ಮೊಬೈಲು ಒಂದೇ ಬಾರಿಗೆ ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಅಲುಗಾಡದ ದೇವಸ್ಥಾನಕ್ಕೆ ಅದು ಚೆನ್ನಾಗಿ ಒದಗುತ್ತದೆ. ಕುಣಿಯುವ ವೇಷ ಒಂದೊಂದು ಫೋಟೋದಲ್ಲೂ ಒಂದೊಂದು ಕಡೆ ಇರುತ್ತದೆ, ಕೂಡಿಸುವುದು ಕಷ್ಟ. ದೂರ ಇದ್ದೇವೆ ಅಂತ ಮೊಬೈಲನ್ನು ಹತ್ತಿರ ಒಯ್ದರೆ ಮುಖದ ಆಕಾರವೇ ಬದಲಾಗುತ್ತದೆ. 40 ಸೆಂಟಿಮೀಟರ್ ದೂರದಿಂದ ತೆಗೆದರೆ, ಮೂಗಿನ ತುದಿಗಿಂತ 12 ಸೆಂಟಿಮೀಟರ್ ಹಿಂದಿರುವ ಕಿವಿಗೆ ಹೋಲಿಸಿದಾಗ ಮೂಗು ಶೇಕಡಾ 30ರಷ್ಟು ಉಬ್ಬಿ ಕಾಣುತ್ತದೆ. 5 ಮೀಟರ್ ದೂರದಿಂದ ಆ ಉಬ್ಬು ಶೇಕಡಾ 2-3 ಮಾತ್ರ. ಸೆಲ್ಫಿಯಲ್ಲಿ ಮೂಗು ದಪ್ಪ ಆಯಿತು ಅಂತ ಕೊರಗುವವರು ಲೆನ್ಸನ್ನು ಬೈಯುತ್ತಾರೆ. ನಿಜವಾದ ಕಾರಣ ಕೈಯ ಉದ್ದ.

ಬಾಗಿಲು ಅಗಲ ಮಾಡಿದರೆ ಬೆಳಕು ಸಿಗುತ್ತದೆ, ಆಳ ಹೋಗುತ್ತದೆ. 5 ಮೀಟರ್ ದೂರದ ಮುಖಕ್ಕೆ ಎಫ್ 1.8ರಲ್ಲಿ ಫೋಕಸ್ ಹಿಡಿದರೆ ನನ್ನ ಲೆನ್ಸಿನಲ್ಲಿ ಸ್ಪಷ್ಟವಾಗಿರುವ ಪಟ್ಟಿಯ ದಪ್ಪ ಸುಮಾರು 37 ಸೆಂಟಿಮೀಟರ್. ವೇಷದ ಮುಖ ಸಿಕ್ಕಿತು, ಆದರೆ ಹಿಂದೆ ಕೂತು ಹಾಡುವ ಭಾಗವತರು ಮಂಜಿನೊಳಗೆ ಹೋದರು. ಎಫ್ 5.6ಕ್ಕೆ ಹೋದರೆ ಆ ಪಟ್ಟಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಬೆಳಕು ಮಾತ್ರ ಹತ್ತನೇ ಒಂದು ಭಾಗ.

ಬಾಗಿಲು ಅಗಲ ಮಾಡಬೇಕೆಂಬ ಹಂಬಲ ಫೋಟೋಗ್ರಫಿ ಹುಟ್ಟಿದಾಗಿನಿಂದ ಇದೆ. 1840ರಲ್ಲಿ ವಿಯೆನ್ನಾದಲ್ಲಿ ಜೋಸೆಫ್ ಪೆಟ್ಜ್‌ವಾಲ್ ಅನ್ನುವ ಗಣಿತದ ಪ್ರಾಧ್ಯಾಪಕ, ಮುಖಗಳ ಫೋಟೋಗೆಂದೇ ಒಂದು ಲೆನ್ಸನ್ನು ಲೆಕ್ಕ ಹಾಕಿ ರೂಪಿಸಿದ. ಆ ಲೆಕ್ಕಕ್ಕೆ ಫಿರಂಗಿ ದಳದ ಸೈನಿಕರು ಕೈಜೋಡಿಸಿದರು. ಗುಂಡು ಎಲ್ಲಿ ಬೀಳುತ್ತದೆ ಅಂತ ಗುಣಿಸಿ ಅವರಿಗೆ ಅಭ್ಯಾಸವಿತ್ತು. ಆಗ ಬಳಕೆಯಲ್ಲಿದ್ದ ಲೆನ್ಸುಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಅದು ಒಳಗೆ ಬಿಟ್ಟಿತು. ಅಲ್ಲಾಡದೆ ನಿಮಿಷಗಟ್ಟಲೆ ಕೂರುವ ಕಷ್ಟ ಜನರಿಗೆ ಕಡಿಮೆಯಾಯಿತು. ರಾತ್ರಿ ಆಟಕ್ಕೆ ದೊಡ್ಡ ಗಾಜಿನ ಲೆನ್ಸ್ ಹೊತ್ತು ಹೋಗುವಾಗ ನನಗೆ ಆ ಸೈನಿಕರು ನೆನಪಾಗುತ್ತಾರೆ.

ಐಎಸ್‌ಒ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಅದನ್ನು ಏರಿಸಿದರೆ ಸೆನ್ಸರ್ ಚುರುಕಾಗುತ್ತದೆ ಅಂತ. ಹಾಗೇನಿಲ್ಲ. ಚಿಪ್ಪಿಗೆ ಬಿದ್ದ ನೀರು ಬಿದ್ದಷ್ಟೇ. ಅಳತೆಯನ್ನು ಹಿಗ್ಗಿಸಿ ಓದುತ್ತಾರೆ, ಅಷ್ಟೆ. ಹಾಗಾದರೆ ಐಎಸ್‌ಒ ಏರಿಸಿದಾಗ ಕಾಣುವ ಮರಳು ಮರಳು ಕಾಳು ಎಲ್ಲಿಂದ ಬಂತು? ಅಂಗಳಕ್ಕೆ ಹೋಗೋಣ. ನಾಲ್ಕು ಹನಿ ಮಳೆ ಬಂದು ನಿಂತರೆ ಒಂದು ಚಿಪ್ಪಿನಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏಳು, ಇನ್ನೊಂದು ಖಾಲಿ. ಆಟಿ ತಿಂಗಳ ಜಡಿಮಳೆ ಹೊಡೆದರೆ ಎಲ್ಲ ಚಿಪ್ಪುಗಳೂ ಹೆಚ್ಚುಕಡಿಮೆ ಸಮ. ಬೆಳಕೂ ಹೀಗೆಯೇ ಬೀಳುತ್ತದೆ. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 10. ನೂರಕ್ಕೆ ಹತ್ತು ಅಂದರೆ ಕಣ್ಣಿಗೆ ಚುಚ್ಚುತ್ತದೆ. 10,000 ಬೀಳುವ ಕಡೆ ಏರುಪೇರು 100, ನೂರಕ್ಕೆ ಒಂದು ಮಾತ್ರ. ಕಾಳು ಬಂದದ್ದು ಬೆಳಕು ಸಾಲದೆ. ಐಎಸ್‌ಒ ಅದನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡುತ್ತದೆ. ಅದಕ್ಕೇ ಐಎಸ್‌ಒಗೆ ಹೆದರಿ ಶಟರ್ ನಿಧಾನ ಮಾಡಬೇಡಿ ಅನ್ನುತ್ತೇನೆ. ಕಾಳಿರುವ ಫೋಟೋದಲ್ಲೂ ಮುಖ ಮುಖವಾಗಿ ಉಳಿಯುತ್ತದೆ, ಅಲುಗಿದ ಮುಖ ಹೋಯಿತು ಅಂದರೆ ಹೋಯಿತು.

ಆ ರಾತ್ರಿ ಇನ್ನೊಂದು ತೊಡಕು ಎದುರಾಯಿತು. ಶಟರ್ 500ನೇ ಒಂದು ಭಾಗಕ್ಕೆ ಇಟ್ಟಾಗ ಫೋಟೋಗಳ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಓಲಾಡುತ್ತದೆ. ಹಾಗಾಗಿ ಸಾಧಾರಣ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಂದವಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಬೇಗ ಹೊಡೆಯುವ ಶಟರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಹಿಡಿಯುತ್ತದೆ. ದೀಪ ಮಂದವಾದಾಗ ಹಿಡಿದ ಸಾಲುಗಳು ಕಪ್ಪಾಗುತ್ತವೆ. ಶಟರ್ 100ನೇ ಅಥವಾ 50ನೇ ಒಂದು ಭಾಗಕ್ಕೆ ಇಟ್ಟರೆ ಪ್ರತಿ ಸಾಲಿಗೂ ದೀಪದ ಇಡೀ ಏರಿಳಿತ ಸಿಗುತ್ತದೆ, ಪಟ್ಟಿ ಮಾಯ. ಆದರೆ 100ನೇ ಒಂದು ಭಾಗದಲ್ಲಿ ಕುಣಿಯುವ ಮುಖದ ಚುಟ್ಟಿ ಸಿಗುವುದು ಹೇಗೆ?

ಕುಣಿತವೇ ದಾರಿ ತೋರಿಸಿತು. ಬಣ್ಣದ ವೇಷ ಸುಮ್ನೆ ಒಂದೇ ಸಮ ತಿರುಗುವುದಿಲ್ಲ. ತಾಳದ ಆವರ್ತ ಮುಗಿಯುವಲ್ಲಿ, ಚೆಂಡೆಯ ಕೊನೆಯ ಪೆಟ್ಟಿಗೆ, ಕಾಲೂರಿ, ಕಣ್ಣರಳಿಸಿ ಒಂದು ಗಳಿಗೆ ಕಲ್ಲಾಗಿ ನಿಲ್ಲುತ್ತದೆ. ಆ ಗಳಿಗೆಗೆ 100ನೇ ಒಂದು ಭಾಗ ಧಾರಾಳ. ಅದಕ್ಕೆ ಕಿವಿ ಚೆಂಡೆಯ ಕಡೆ ಇರಬೇಕು. ಕೊನೆಯ ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡ. ಬರುತ್ತದೆ ಅಂತ ಗೊತ್ತಿದ್ದು ಒತ್ತಬೇಕು.

ಬೆಳಗಿನ ಜಾವದ ಪ್ರವೇಶಕ್ಕೆ ಕಾದು ಕೂತೆ. ಶಟರ್ 100ನೇ ಒಂದು ಭಾಗ. ಎಫ್ 2.8, ಕಿರೀಟದ ಮುಂಭಾಗವೂ ಕಿವಿಯ ಓಲೆಯೂ ಒಟ್ಟಿಗೆ ಸಿಗುವಷ್ಟು ಆಳ. ಐಎಸ್‌ಒ 1250. ಮಧ್ಯಾಹ್ನದ ಬಿಸಿಲಿಗೆ ಎಫ್ 16, 100ನೇ ಒಂದು ಭಾಗ, ಐಎಸ್‌ಒ 100 ಅನ್ನುವುದು ಹಳಬರ ಬಾಯಿಲೆಕ್ಕ. ಅದಕ್ಕೆ ಹೋಲಿಸಿದರೆ ರಂಗಸ್ಥಳದ ಬೆಳಕು ಬಿಸಿಲಿನ 400ನೇ ಒಂದು ಭಾಗ. ದೊಂದಿಗೆ ರಾಳದ ಪುಡಿ ಎಸೆದು ಬೆಂಕಿ ಭುಗಿಲೆದ್ದಾಗ ತೆಗೆಯಲಿಲ್ಲ. ಆ ಒಂದು ಕ್ಷಣದ ಬೆಳಕಿಗೆ ಚಿಪ್ಪುಗಳು ಮತ್ತೆ ಉಕ್ಕುತ್ತಿದ್ದವು. ಬೆಂಕಿ ಇಳಿಯಿತು. ಆರ್ಭಟ ಕೇಳಿತು. ಆವರ್ತ ಮುಗಿಯುತ್ತಾ ಬಂತು, ಒತ್ತಿದೆ.

ಸೂರ್ಯ ಮೂಡುವ ಹೊತ್ತಿಗೆ ಚೌಕಿಯಲ್ಲಿ ಎಲ್ಲರೂ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಆ ಬಣ್ಣದ ವೇಷಧಾರಿಯ ಮುಖ ಅರ್ಧ ರಾಕ್ಷಸ, ಅರ್ಧ ಮನುಷ್ಯ. ಕ್ಯಾಮೆರಾ ಕೈಗೆ ಕೊಟ್ಟೆ. ದೊಡ್ಡದು ಮಾಡುವುದು ಹೇಗೆ ಅಂತ ಕೇಳಿದರು, ತೋರಿಸಿದೆ. ಹಣೆಯಿಂದ ಶುರು ಮಾಡಿ ಕೆನ್ನೆಯವರೆಗೆ ಒಂದೊಂದೇ ಸಾಲನ್ನು ನಿಧಾನವಾಗಿ ನೋಡುತ್ತಾ ಬಂದರು. ಎಡಗೆನ್ನೆಯ ಹತ್ತಿರ ಬೆರಳು ನಿಂತಿತು.

"ಇಗೊಳ್ಳಿ, ಇಲ್ಲಿ ಒಂದು ಉದುರಿದೆ" ಅಂದರು.