ಲೋಟದಲ್ಲಿ ಪದರ ಸಿಹಿ: ಹಿಂದಿನ ದಿನವೇ ಮಾಡಿಡಬಹುದೇ?

ಓದುಗರ ಪ್ರಶ್ನೆ: ನಮ್ಮ ಅತ್ತೆ–ಮಾವನವರ ಐವತ್ತನೆಯ ವಿವಾಹ ವಾರ್ಷಿಕೋತ್ಸವವನ್ನು ಜಯನಗರದ ಮನೆಯಲ್ಲೇ ಒಂದು ಭಾನುವಾರ ಸಂಜೆ ಆಚರಿಸಬೇಕೆಂದಿದ್ದೇವೆ. ಸುಮಾರು 24 ಮಂದಿ ಬರುತ್ತಾರೆ. ಒಬ್ಬೊಬ್ಬರಿಗೂ ಪುಟ್ಟ ಗಾಜಿನ ಲೋಟದಲ್ಲಿ ಕೇಕು, ಕಸ್ಟರ್ಡ್, ಹಣ್ಣು, ಕ್ರೀಮುಗಳನ್ನು ಪದರ ಪದರವಾಗಿ ಜೋಡಿಸಿ ಕೊಡುವ ಆಸೆ. ಹಿಂದಿನ ದಿನವೇ ಮಾಡಿಟ್ಟರೆ ಉಳಿಯುತ್ತದೆಯೇ? ಕಳೆದ ಸಲ ಮಾಡಿಟ್ಟದ್ದು ಬೆಳಗಾಗುವಷ್ಟರಲ್ಲಿ ನೀರು ಬಿಟ್ಟು ಎಲ್ಲ ಕಲಸಿದಂತಾಗಿತ್ತು.

ಉತ್ತರ: ಮಾಡಿಡಬಹುದು, ಆದರೆ ಪೂರ್ತಿಯಾಗಿ ಜೋಡಿಸಿಡಬಾರದು. ಕೇಕು ಮತ್ತು ಕಸ್ಟರ್ಡಿನ ಪದರಗಳನ್ನು ಹಿಂದಿನ ರಾತ್ರಿಯೇ ಲೋಟಕ್ಕೆ ಇಳಿಸಿಟ್ಟರೆ ಅವು ಮರುದಿನಕ್ಕೆ ಇನ್ನಷ್ಟು ರುಚಿಯಾಗುತ್ತವೆ. ಹಸಿ ಹಣ್ಣು ಮತ್ತು ಕ್ರೀಮು ಬಡಿಸುವ ದಿನ ಮಧ್ಯಾಹ್ನ ಸೇರಬೇಕು. ಗರಿಗರಿಯಾಗಿರಬೇಕಾದುದು ಏನೇ ಇರಲಿ, ಅದು ಲೋಟ ಕೈಗೆ ಹೋಗುವ ಹೊತ್ತಿಗೆ ಮೇಲೆ ಬೀಳಬೇಕು.

ಈ ಲೆಕ್ಕಾಚಾರ ನಮ್ಮ ಮದುವೆಮನೆಯ ಅಡುಗೆಯವರಿಗೆ ಹೊಸದೇನಲ್ಲ. ಚಿರೋಟಿಯನ್ನು ಅವರು ಮೊದಲೇ ಕರಿದು ಡಬ್ಬಕ್ಕೆ ತುಂಬಿಡುತ್ತಾರೆ, ಬಾದಾಮಿ ಹಾಲನ್ನು ಬೇರೆ ಕೊಳಗದಲ್ಲಿ ಕಾಯಿಸಿಡುತ್ತಾರೆ; ಎಲೆಯ ಮೇಲೆ ಚಿರೋಟಿ ಇಟ್ಟು, ಪುಡಿಸಕ್ಕರೆ ಉದುರಿಸಿದ ಮೇಲೆಯೇ ಹಾಲು ಬರುತ್ತದೆ. ಅರ್ಧ ಗಂಟೆ ಮೊದಲೇ ಹಾಲು ಸುರಿದಿಟ್ಟ ಚಿರೋಟಿಯನ್ನು ಯಾರೂ ಮುಟ್ಟುವುದಿಲ್ಲ. ಅದೇ ಒಬ್ಬಟ್ಟಿನ ಸಾರನ್ನು ನೋಡಿ, ಮರುದಿನವೇ ಅದರ ರುಚಿ. ಹಾಗಾಗಿ ಲೋಟ ತುಂಬುವ ಮೊದಲು ಪ್ರತಿ ಪದರದ ಬಗ್ಗೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪಕ್ಕದ ಪದರದ ತೇವ ಇದಕ್ಕೆ ಬೇಕೋ, ಬೇಡವೋ?

ಕೇಕಿಗೆ ತೇವ ಬೇಕು, ಆದರೆ ಮಿತಿಯಲ್ಲಿ. ಅಂದೇ ಬೇಯಿಸಿದ ಕೇಕು ಕತ್ತರಿಸುವಾಗ ಪುಡಿಯಾಗುತ್ತದೆ, ಪಾಕ ತಗುಲಿದೊಡನೆ ಮುದ್ದೆಯಾಗುತ್ತದೆ. ಒಂದು ದಿನ ಹಳೆಯದಾದರೆ ಚೊಕ್ಕವಾಗಿ ಕತ್ತರಿಸಬಹುದು, ಹೀರಿಕೊಂಡೂ ಆಕಾರ ಉಳಿಸಿಕೊಳ್ಳುತ್ತದೆ. ಮನೆಯಲ್ಲಿ ಮಾಡಲು ಪುರುಸೊತ್ತಿಲ್ಲದಿದ್ದರೆ ಬಡಾವಣೆಯ ಅಯ್ಯಂಗಾರ್ ಬೇಕರಿಯಿಂದ ಮೊಟ್ಟೆ ಹಾಕದ ಸಾದಾ ಕೇಕನ್ನು ಶುಕ್ರವಾರವೇ ತಂದಿಡುವುದು ನನಗೆ ತಿಳಿದ ಅತ್ಯಂತ ಸುಲಭದ ದಾರಿ. ಅದೇ ಅಂಗಡಿಯ ಹನಿ ಕೇಕನ್ನು ಮಾತ್ರ ಇದಕ್ಕೆ ಬಳಸಬೇಡಿ, ಏಕೆಂದರೆ ಅದು ಆಗಲೇ ಪಾಕ ಕುಡಿದಿರುತ್ತದೆ. ಕೂಡಲೇ ತಿನ್ನುವುದಾದರೆ ಲೋಟವೊಂದಕ್ಕೆ ಒಂದು ದೊಡ್ಡ ಚಮಚ ಸಕ್ಕರೆ ಪಾಕ ಸರಿ. ರಾತ್ರಿಯಿಡೀ ಇಡುವುದಾದರೆ ಒಂದು ಟೀ ಚಮಚ ಸಾಕು, ಉಳಿದ ತೇವವನ್ನು ಕಸ್ಟರ್ಡೇ ಒದಗಿಸುತ್ತದೆ. ಸಕ್ಕರೆ ಪಾಕದ ಬದಲು ಗಟ್ಟಿಯಾದ ಫಿಲ್ಟರ್ ಕಾಫಿ ಡಿಕಾಕ್ಷನ್‌ಗೆ ಸ್ವಲ್ಪ ಸಕ್ಕರೆ ಸೇರಿಸಿ ಬಳಸಿದರೆ ಇಟಲಿಯ ತಿರಾಮಿಸುವಿನ ಹತ್ತಿರಕ್ಕೆ ಹೋಗುತ್ತದೆ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಕ್ರೀಮಿನ ಅಡಿಯಲ್ಲಿ ರಾತ್ರಿಯಿಡೀ ಮೆತ್ತಗಾಗುವುದೇ ಅದರ ಸೊಗಸು. ಮುಂಚಿತವಾಗಿ ಮಾಡಿಡಲು ಅಷ್ಟು ಹೇಳಿಮಾಡಿಸಿದ ಸಿಹಿ ಇನ್ನೊಂದಿಲ್ಲವೆನ್ನಬಹುದು. ಆದರೆ ಮೂಲ ವಿಧಾನದಲ್ಲಿ ಹಸಿ ಮೊಟ್ಟೆ ಇರುವುದರಿಂದ, ವಯಸ್ಸಾದವರೂ ಮಕ್ಕಳೂ ಸೇರುವ ಸಮಾರಂಭಕ್ಕೆ ಅದನ್ನು ಹಾಗೆಯೇ ಅನುಸರಿಸುವುದು ತರವಲ್ಲ.

ಕಸ್ಟರ್ಡಿಗೆ ಬರೋಣ. ನಾವು ಬಳಸುವ ಕಸ್ಟರ್ಡ್ ಪುಡಿ ಹೆಚ್ಚುಕಡಿಮೆ ಬಣ್ಣ, ಪರಿಮಳ ಸೇರಿಸಿದ ಕಾರ್ನ್‌ಫ್ಲೋರ್. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಎಂಬವರು ಮೊಟ್ಟೆ ಒಗ್ಗದ ತಮ್ಮ ಹೆಂಡತಿಗಾಗಿ ಇದನ್ನು ಕಂಡುಹಿಡಿದರು. ಅದರ ಪುಣ್ಯದಿಂದ ಮೊಟ್ಟೆ ತಿನ್ನದ ನಮ್ಮ ಮನೆಗಳಿಗೂ ಕಸ್ಟರ್ಡ್ ಬಂತು. ಸುರಿದು ತಿನ್ನುವ ಕಸ್ಟರ್ಡಿಗೆ ಅರ್ಧ ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಪುಡಿ ಸಾಕಾದರೆ, ಪದರವಾಗಿ ನಿಲ್ಲಬೇಕಾದುದಕ್ಕೆ ಮೂರು ಬೇಕು. ಕುದಿ ಬಂದ ಮೇಲೂ ಒಂದೆರಡು ನಿಮಿಷ ಕೈಯಾಡಿಸುತ್ತಲೇ ಬೇಯಿಸಬೇಕು. ಅರೆಬೆಂದ ಪಿಷ್ಟ ಮೊದಲು ಗಟ್ಟಿಯಂತೆ ಕಂಡರೂ ತಣ್ಣಗಾದ ಮೇಲೆ ಹಿಟ್ಟಿನ ವಾಸನೆ ಕೊಡುತ್ತದೆ, ನೀರನ್ನೂ ಬಿಡುತ್ತದೆ. ರುಚಿ ನೋಡಿದ ಚಮಚವನ್ನೇ ಮತ್ತೆ ಪಾತ್ರೆಗೆ ಅದ್ದಬಾರದು. ಎಂಜಲಿನ ಮಾತು ಹಾಗಿರಲಿ, ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ರಾತ್ರಿ ಗಟ್ಟಿಯಾಗಿದ್ದ ಕಸ್ಟರ್ಡ್ ಬೆಳಿಗ್ಗೆ ತೆಳ್ಳಗಾಗಿರುತ್ತದೆ. ನಿಮ್ಮ ಕಳೆದ ಸಲದ ತೊಂದರೆಗೆ ಇದೂ ಒಂದು ಕಾರಣವಾಗಿರಬಹುದು. ಬೆಂದ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು, ಕೆನೆಗಟ್ಟದಂತೆ ಆಗಾಗ ಕಲಕಿ, ಉಗುರುಬೆಚ್ಚಗಾದ ಮೇಲೆ ಲೋಟಕ್ಕೆ ಹಾಕಬೇಕು. ಬಿಸಿಯಾಗಿರುವಾಗಲೇ ಮುಚ್ಚಿ ಫ್ರಿಜ್ಜಿಗಿಟ್ಟರೆ ಮುಚ್ಚಳದಲ್ಲಿ ಕಟ್ಟಿದ ಹಬೆಯ ಹನಿಗಳು ಮೇಲ್ಪದರಕ್ಕೇ ಇಳಿಯುತ್ತವೆ. ಬೇಗ ಆಗಲೆಂದು ಫ್ರೀಜರಿಗೆ ಹಾಕುವುದಂತೂ ಸಲ್ಲದು. ಹೆಪ್ಪುಗಟ್ಟಿ ಕರಗಿದ ಪಿಷ್ಟ ಸ್ಪಂಜಿನಂತಾಗಿ ನೀರು ಬಿಡುತ್ತದೆ.

ನೀರಿನ ದೊಡ್ಡ ಮೂಲ ಹಣ್ಣು. ಹೆಚ್ಚಿದ ಹಣ್ಣಿನ ಸುತ್ತ ಸಿಹಿ ಇದ್ದರೆ ಆ ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ; ಇದನ್ನು ತಡೆಯಲಾಗುವುದಿಲ್ಲ, ಆದರೆ ಮೊದಲೇ ಮುಗಿಸಿಬಿಡಬಹುದು. ಹೋಳುಗಳಿಗೆ ಸ್ವಲ್ಪ ಸಕ್ಕರೆ ಬೆರೆಸಿ ಅರ್ಧ ಗಂಟೆ ಜರಡಿಯಲ್ಲಿಡಿ, ಇಳಿದ ರಸವನ್ನು ಕೇಕಿಗೆ ಪಾಕದಂತೆ ಬಳಸಿ, ಬಸಿದ ಹೋಳುಗಳನ್ನಷ್ಟೇ ಲೋಟಕ್ಕೆ ಹಾಕಿ. ಮಾವಿನ ಕಾಲವಾದರೆ ಹೋಳು ಮಾಡಲು ಗಟ್ಟಿ ತಿರುಳಿನ ಬಾದಾಮಿ ಮಾವು ಒಳ್ಳೆಯದು. ರಸಪುರಿಯನ್ನು ಸೀಕರಣೆಗೆ ಹಿಂಡುವಂತೆ ಹಿಂಡಿ, ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಕುದಿಸಿದರೆ ಅದೇ ಒಂದು ಪದರವಾಗಿ ನಿಲ್ಲುತ್ತದೆ. ದಾಳಿಂಬೆ ಕಾಳು ಇಡಿಯಾಗಿಯೇ ಇರುವುದರಿಂದ ರಾತ್ರಿ ಕಳೆದರೂ ರಸ ಬಿಡುವುದು ಕಡಿಮೆ. ಬಾಳೆಹಣ್ಣನ್ನು ಬಿಟ್ಟುಬಿಡಿ, ನಿಂಬೆರಸ ಸವರಿದರೂ ಅದು ಸಂಜೆಯ ಹೊತ್ತಿಗೆ ಕಪ್ಪಾಗಿ ಕಾಣುತ್ತದೆ.

ಅನಾನಸಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಣ್ಣನ ಮಗಳ ನಾಮಕರಣಕ್ಕೆಂದು ನಾನೊಮ್ಮೆ ಹಸಿ ಅನಾನಸ್ ಹೋಳುಗಳ ಮೇಲೆ ಕ್ರೀಮು, ಗಟ್ಟಿ ಮೊಸರುಗಳ ಪದರ ಹರಡಿ ರಾತ್ರಿಯೇ ಜೋಡಿಸಿಟ್ಟಿದ್ದೆ. ನೋಡಲು ಚೆನ್ನಾಗಿತ್ತು, ಬಾಯಿಗಿಟ್ಟರೆ ಕಹಿ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಕಹಿಗೆ ಅದೇ ಕಾರಣ. ಜೆಲಟಿನ್ ಹಾಕಿದ ಪದರ ಗಟ್ಟಿಯಾಗದಂತೆ ಮಾಡುವುದೂ ಅದೇ. ಪರಂಗಿ ಮತ್ತು ಕಿವಿ ಹಣ್ಣುಗಳಲ್ಲೂ ಇಂಥ ಕಿಣ್ವಗಳಿವೆ. ಕಾವಿಗೆ ಅವು ನಾಶವಾಗುತ್ತವೆ, ಆದ್ದರಿಂದ ಅನಾನಸ್ ಕೇಸರಿಬಾತಿಗೆ ಮಾಡುವಂತೆ ಹೋಳುಗಳನ್ನು ಸಕ್ಕರೆಯೊಂದಿಗೆ ಐದಾರು ನಿಮಿಷ ಕುದಿಸಿ ಬಳಸಿದರೆ ಯಾವ ತೊಂದರೆಯೂ ಇಲ್ಲ. ಜೆಲ್ಲಿಯ ಪದರ ಬೇಕೆನಿಸಿದರೆ ಜೆಲಟಿನ್ ಪ್ರಾಣಿಮೂಲದ್ದೆಂಬುದನ್ನು ನೆನಪಿಡಿ. ಕಡಲಪಾಚಿಯಿಂದ ತೆಗೆದ ಚೈನಾ ಗ್ರಾಸ್ ಸಸ್ಯಾಹಾರಿಗಳಿಗೂ ಸಲ್ಲುತ್ತದೆ. ಅದನ್ನು ಚೆನ್ನಾಗಿ ಕುದಿಸಿಯೇ ಕರಗಿಸಬೇಕು, ಆದರೆ ಒಮ್ಮೆ ಗಟ್ಟಿಯಾದರೆ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೂ ಕರಗುವುದಿಲ್ಲ.

ಕ್ರೀಮಿನಲ್ಲಿ ಹೆಚ್ಚಿನವರು ಎಡವುವುದು ಖರೀದಿಯಲ್ಲೇ. ಅಂಗಡಿಯ ಚಿಕ್ಕ ಪ್ಯಾಕೆಟ್ಟಿನ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇಕಡ 25ರಷ್ಟು ಕೊಬ್ಬು ಇರುತ್ತದೆ. ನೊರೆಗಟ್ಟಿ ನಿಲ್ಲಲು ಶೇಕಡ 30ಕ್ಕಿಂತ ಹೆಚ್ಚು ಬೇಕು, ಆದ್ದರಿಂದ ವಿಪ್ಪಿಂಗ್ ಕ್ರೀಮ್ ಎಂದು ಕೇಳಿಯೇ ತನ್ನಿ. ಬೇಕರಿಗಳಲ್ಲಿ ಬಳಸುವ ಸಸ್ಯಜನ್ಯ ಕೊಬ್ಬಿನ ಕ್ರೀಮು ಹೆಚ್ಚು ಹೊತ್ತು ನಿಲ್ಲುತ್ತದೆ, ಅದರ ಜಿಡ್ಡು ನಾಲಿಗೆಯ ಮೇಲೂ ಅಷ್ಟೇ ಹೊತ್ತು ನಿಲ್ಲುತ್ತದೆ. ನನ್ನನ್ನು ಕೇಳಿದರೆ ತೆಳುಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೇ ರಾತ್ರಿಯಿಡೀ ನೀರಿಳಿಸಿದ ಗಟ್ಟಿ ಮೊಸರಿಗೆ ಪುಡಿಸಕ್ಕರೆ, ಏಲಕ್ಕಿ ಬೆರೆಸಿದ ಪದರ ಇವೆರಡಕ್ಕಿಂತಲೂ ಮೇಲು.

ಇನ್ನು ನಿಮ್ಮ 24 ಲೋಟಗಳ ಲೆಕ್ಕ. ಊಟದ ನಂತರದ ಸಿಹಿಗೆ 150 ಮಿಲಿಲೀಟರಿನ ಲೋಟ ಸಾಕು. ಒಟ್ಟು 700 ಗ್ರಾಂ ಕೇಕು, ಒಂದೂವರೆ ಲೀಟರ್ ಹಾಲಿನ ಕಸ್ಟರ್ಡ್, ಹೆಚ್ಚಿ ಬಸಿದ ಮೇಲೆ 750 ಗ್ರಾಂ ಹಣ್ಣು ಇಟ್ಟುಕೊಳ್ಳಿ. ಶನಿವಾರ ಸಂಜೆ ಕಸ್ಟರ್ಡ್ ಮಾಡಿ, ಕುದಿಸಬೇಕಾದ ಹಣ್ಣನ್ನು ಕುದಿಸಿ, ಮೊಸರು ಕಟ್ಟಿಡಿ; ಮಲಗುವ ಮುನ್ನ ಲೋಟಗಳಿಗೆ ಕೇಕು ಮತ್ತು ಕಸ್ಟರ್ಡ್ ತುಂಬಿ ಮುಚ್ಚಿ. ಮುಚ್ಚದಿದ್ದರೆ ಫ್ರಿಜ್ಜಿನಲ್ಲಿರುವ ಹುಳಿ, ದೋಸೆಹಿಟ್ಟುಗಳ ವಾಸನೆಯನ್ನೆಲ್ಲ ಹಾಲಿನ ಪದಾರ್ಥ ಎಳೆದುಕೊಳ್ಳುತ್ತದೆ. ಲೋಟಗಳನ್ನು ಅಂಚಿರುವ ತಟ್ಟೆಗಳಲ್ಲಿ ಜೋಡಿಸಿದರೆ ಎತ್ತಿಡುವುದು ಸುಲಭ, ಆದರೆ ತಟ್ಟೆ ಫ್ರಿಜ್ಜಿನ ಅರೆಯೊಳಗೆ ಹಿಡಿಸುವುದೇ ಎಂದು ಖಾಲಿ ಲೋಟಗಳನ್ನಿಟ್ಟು ವಾರದ ಮೊದಲೇ ಅಳೆದು ನೋಡಿ. ಜಾಗ ಸಾಲದಿದ್ದರೆ ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಒಂದು ಅರೆ ಕೇಳಿಟ್ಟುಕೊಳ್ಳುವುದರಲ್ಲಿ ಸಂಕೋಚವೇನಿಲ್ಲ. ಭಾನುವಾರ ಮೂರು ಗಂಟೆಯ ಸುಮಾರಿಗೆ ಹಣ್ಣು, ಆಮೇಲೆ ಮೊಸರು ಅಥವಾ ಕ್ರೀಮು. ಹಾಲಿನ ಪದಾರ್ಥ 5 ಡಿಗ್ರಿಯೊಳಗಿನ ತಂಪಿನಲ್ಲಿರಬೇಕು, ಹೊರಗೆ ಎರಡು ಗಂಟೆ ಮೀರಬಾರದು. ಆದ್ದರಿಂದ ಊಟಕ್ಕೆ ಕುಳಿತಾಗಲೇ ಮೇಜಿನ ಮೇಲೆ ಸಾಲಾಗಿ ಇಡುವ ಆಸೆಯನ್ನು ತಡೆದುಕೊಳ್ಳಿ. ಶನಿವಾರ ರಾತ್ರಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯಬೇಡಿ, ನಾಲ್ಕು ಗಂಟೆಯವರೆಗೆ ತಂಪು ಉಳಿಯುತ್ತದೆ.

ಕೊನೆಯದಾಗಿ ಗರಿಗರಿ ಪದರ. ಕಡಲೆಕಾಯಿ ಚಿಕ್ಕಿಯನ್ನು ತರಿತರಿಯಾಗಿ ಕುಟ್ಟಿದ ಪುಡಿ ಇದಕ್ಕೆ ಬಹಳ ಹೊಂದುತ್ತದೆ, ಆದರೆ ಸಕ್ಕರೆಯಾಗಲಿ ಬೆಲ್ಲವಾಗಲಿ ಫ್ರಿಜ್ಜಿನ ತೇವಕ್ಕೆ ಒಂದೆರಡು ಗಂಟೆಯಲ್ಲೇ ಕರಗಿ ಅಂಟಾಗುತ್ತದೆ. ಬಿಸ್ಕತ್ತಿನ ಪುಡಿಯನ್ನು ತಳಕ್ಕೇ ಹಾಕಬೇಕೆಂದಿದ್ದರೆ 100 ಗ್ರಾಮಿಗೆ 50 ಗ್ರಾಂ ಕರಗಿಸಿದ ಬೆಣ್ಣೆ ಬೆರೆಸಿ ಒತ್ತಿ. ಜಿಡ್ಡಿನ ಹೊದಿಕೆ ತೇವವನ್ನು ಕೆಲವು ಗಂಟೆ ತಡೆಯುತ್ತದೆ. ಚಿಕ್ಕಿಪುಡಿಯನ್ನಾದರೆ ಗಾಳಿಯಾಡದ ಡಬ್ಬದಲ್ಲಿ ತುಂಬಿ, ಬಂದ ಮಕ್ಕಳಲ್ಲಿ ಒಬ್ಬರ ಕೈಗೆ ಡಬ್ಬವನ್ನೂ ಚಮಚವನ್ನೂ ಕೊಟ್ಟು, ಲೋಟಗಳು ಅಡುಗೆಮನೆಯ ಬಾಗಿಲು ದಾಟುವಾಗ ಒಂದೊಂದಕ್ಕೂ ಉದುರಿಸಲು ಹೇಳಿ.