ಮೇ ತಿಂಗಳಲ್ಲಿ ಕಾಪಿ ಬರೆಸಬೇಡಿ

ಏಪ್ರಿಲ್ ಕೊನೆ ಆಗುವಾಗ ನನ್ನ ವಾಟ್ಸಾಪ್‌ಗೆ ಫೋಟೋಗಳು ಬರಲು ಶುರುವಾಗುತ್ತವೆ. ಎರಡು ಗೆರೆಯ ಕಾಪಿ ಪುಸ್ತಕ. ಒಂದು ಪುಟ ತುಂಬ ಅ, ಮರುಪುಟ ತುಂಬ ಆ. ಕೆಳಗೆ ಅಮ್ಮನ ಒಂದು ಸಾಲು: “ಟೀಚರ್, ಳ ವರೆಗೆ ಆಯ್ತು. ಕಾಗುಣಿತ ಶುರು ಮಾಡಬಹುದಾ?” ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾದ ಮಗು. ವಯಸ್ಸು ಐದು. ನಾನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೇನೆ.

ಸುಮ್ಮನಾಗುವುದಕ್ಕೂ ಕಾರಣ ಇದೆ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆಲೆಕ್ಕ ಆಗುತ್ತದೆ. ಎಷ್ಟು ಡಿವಿಷನ್, ಎಷ್ಟು ಟೀಚರ್ ಹುದ್ದೆ ಎಂಬುದೆಲ್ಲ ಆ ಲೆಕ್ಕದ ಮೇಲೆ ನಿಂತಿದೆ. ಎಲ್‌ಪಿಯಲ್ಲಿ, ಅಂದರೆ ಕಿರಿಯ ಪ್ರಾಥಮಿಕದಲ್ಲಿ, 30 ಮಕ್ಕಳಿಗೆ ಒಬ್ಬ ಟೀಚರ್. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಸಣ್ಣ ಶಾಲೆಗಳಲ್ಲಿ ಒಂದು ಮಗು ಕಡಿಮೆ ಆದರೂ ಎದೆ ಢವಢವ ಅನ್ನುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆ ಹತ್ತುವಾಗ ಹೆತ್ತವರನ್ನು ಗದರಿಸಲು ಆಗುವುದಿಲ್ಲ. ಕೊಟ್ಟ ಶರಬತ್ತು ಕುಡಿದು, ಪುಸ್ತಕ ತಿರುವಿ, “ಲಾಯ್ಕುಂಟು” ಎಂದು ಹೇಳಿ ಬರಬೇಕು. ಇಲ್ಲಿ ಬರೆಯುವಾಗ ಆ ಹೆದರಿಕೆ ಇಲ್ಲ.

ಶಾಲೆ ತೆರೆಯುವ ಮೊದಲಿನ ನಮ್ಮ ಕೆಲಸಗಳು ಎಲ್ಲರಿಗೂ ಗೊತ್ತಿದ್ದದ್ದೇ. ಮಾಡಿನ ಒಡೆದ ಹಂಚು ಬದಲಿಸಬೇಕು, ಬಾವಿಗೆ ಕ್ಲೋರಿನ್ ಹಾಕಬೇಕು, ಪಂಚಾಯತಿನಿಂದ ಕಟ್ಟಡದ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು. ರಜೆಯ ನಡುವೆಯೇ ಟೀಚರುಗಳ ತರಬೇತಿ. ಆಮೇಲೆ ಪ್ರವೇಶೋತ್ಸವಕ್ಕೆ ತೋರಣ, ಬಲೂನು, ಪಾಯಸ. ಇದರಲ್ಲಿ ಹೊಸತೇನಿಲ್ಲ, ಮುಂದೆ ಹೋಗುವ.

ನನ್ನ ಸ್ವಂತ ತಯಾರಿ ಒಂದು ತಗಡಿನ ಪೆಟ್ಟಿಗೆಯಲ್ಲಿದೆ. ಹುಣಸೆ ಬೀಜ, ಹಿಡಿಸೂಡಿ ಕಡ್ಡಿಯ ತುಂಡುಗಳು, ಹಳೆ ಕ್ಯಾಲೆಂಡರ್ ಹಾಳೆಗಳು, ದಪ್ಪ ಕ್ರೇಯಾನು. ಬದಿಯಲ್ಲಿ ಒಂದು ಅಗಲದ ತಟ್ಟೆ ತುಂಬ ಜರಡಿ ಹಿಡಿದ ಹೊಯ್ಗೆ, ಅಂದರೆ ಮರಳು. ಮೊದಲ ಕೆಲವು ವಾರ ಪೆನ್ಸಿಲ್ ಹೊರಗೆ ಬರುವುದೇ ಇಲ್ಲ. ಹೊರಗೆ ಮಳೆ ಸುರಿಯುತ್ತಿರುತ್ತದೆ, ನಾವು ಕ್ಯಾಲೆಂಡರಿನ ಹಿಂಬದಿಯಲ್ಲಿ ಮಳೆ ಎಳೆಯುತ್ತೇವೆ. ನೇರ ಮಳೆ, ಗಾಳಿಗೆ ಓರೆಯಾದ ಮಳೆ. ಮತ್ತೆ ಕೊಡೆ ಬಿಡಿಸುತ್ತೇವೆ. ಎಡಗಡೆ ಕೆಳಗಿನಿಂದ ಮೇಲೆ ಹತ್ತಿ, ಬಾಗಿ, ಬಲಕ್ಕೆ ಇಳಿಯುವ ಗೆರೆ. ಅದನ್ನೇ ಎಳೆದು ಎಳೆದು ಪಳಗಿದ ಕೈಗೆ ಗ ಬರೆಯುವುದು ದೊಡ್ಡ ಸಂಗತಿಯಲ್ಲ, ಮೇಲೊಂದು ತಲೆಕಟ್ಟು ಇಟ್ಟರಾಯ್ತು. ಆದರೆ ಜೂನ್ ಎರಡನೇ ವಾರದಲ್ಲೇ ಕಿಟಕಿಯಿಂದ ಇಣುಕಿ, “ಏನು ಟೀಚರ್, ಇನ್ನೂ ಚಿತ್ರ ಬಿಡಿಸುವುದಾ?” ಎಂದು ಕೇಳುವವರಿದ್ದಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮನೆಯವರು ನೋಡುವುದು ಕಾಗದದ ಮೇಲೆ ಉಳಿದ ಅಕ್ಷರವನ್ನು. ನಾನು ನೋಡುವುದು ಕೈ ಯಾವ ದಾರಿಯಲ್ಲಿ ಹೋಗಿ ಆ ಅಕ್ಷರ ಆಯಿತು ಎಂಬುದನ್ನು. ರ ತೆಗೆದುಕೊಳ್ಳಿ. ಸೊನ್ನೆಯ ಹಾಗೆ ಒಂದು ಸುತ್ತು ಬಂದು, ಆಮೇಲೆ ತಲೆಕಟ್ಟು. ಮನೆಯಲ್ಲಿ ನೋಡಿ ನೋಡಿ ಕಲಿತ ಮಗು ತಲೆಕಟ್ಟನ್ನೇ ಮೊದಲು ಎಳೆಯುತ್ತದೆ. ಅದರ ಅಡಿಗೆ ಸೊನ್ನೆಯ ಎಡದ ಅರ್ಧ ಅಂಟಿಸುತ್ತದೆ. ಪೆನ್ಸಿಲ್ ಎತ್ತಿ ಬಲದ ಅರ್ಧ ಅಂಟಿಸುತ್ತದೆ. ಫೋಟೋದಲ್ಲಿ ನೋಡಿದರೆ ಚೆಂದದ ರ. ಆದರೆ ಅದು ಬರೆದದ್ದಲ್ಲ, ಬಿಡಿಸಿದ್ದು. ಅಂಗಡಿಯಲ್ಲಿ ಸಿಗುವ ಚುಕ್ಕಿ ಜೋಡಿಸುವ ಪುಸ್ತಕ ಇನ್ನೂ ಕಷ್ಟ. ಬದಿಯಲ್ಲಿ ಬಾಣದ ಗುರುತು ಇದ್ದರೂ ಮಗು ಅದನ್ನು ನೋಡುವುದಿಲ್ಲ. ಕಣ್ಣಿಗೆ ಬಿದ್ದ ಚುಕ್ಕಿಯಿಂದ ಹೊರಟು ಹೇಗೋ ಊರು ಸೇರುತ್ತದೆ.

ಒಂದನೇ ಕ್ಲಾಸಿನಲ್ಲಿ ಇದರ ತೊಂದರೆ ಕಾಣುವುದಿಲ್ಲ. ಕಾಣುವುದು ಮೂರನೇ ಕ್ಲಾಸಿನಲ್ಲಿ, ಉಕ್ತಲೇಖನ ಕೊಡುವಾಗ. “ಅಣ್ಣ ಅಮ್ಮನಿಗೆ ಹೂ ತಂದನು” ಎಂದು ಟೀಚರ್ ಹೇಳಿ ಮುಗಿಸಿದ ಮೇಲೂ ಒಬ್ಬ ಹುಡುಗ ಅಣ್ಣನ ಒತ್ತಿನಲ್ಲೇ ಇರುತ್ತಾನೆ. ಅವನಿಗೆ ಗೊತ್ತಿಲ್ಲ ಅಂತಲ್ಲ. ಬಾಯಲ್ಲಿ ಕೇಳಿ, ಒತ್ತು ಎಲ್ಲಿ ಬರುತ್ತದೆ ಎಂದು ಟಕಟಕ ಹೇಳುತ್ತಾನೆ. ತುಂಡು ತುಂಡು ಜೋಡಿಸುವ ಕೈ ಮಾತಿನ ವೇಗಕ್ಕೆ ಬರುವುದಿಲ್ಲ, ಅಷ್ಟೇ. ಮನೆಯವರು “ಕಲಿಯುವುದರಲ್ಲಿ ಹಿಂದೆ” ಎಂದು ಟ್ಯೂಷನ್‌ಗೆ ಹಾಕುತ್ತಾರೆ. ಅಲ್ಲಿ ಏನು ಮಾಡಿಸುತ್ತಾರೆ? ಕಾಪಿ ಬರೆಸುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, “ಹಾಗಾದರೆ ದಿನಕ್ಕೆ ಒಂದೇ ಪುಟ ಬರೆಸಲಾ ಟೀಚರ್?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಡ. ಅರ್ಧ ಪುಟವೂ ಬೇಡ. ಏನೂ ಬಾರದ ಕೈಗೆ ರ ಹೇಳಿಕೊಡಲು ಒಂದು ಬೆಳಗ್ಗೆ ಸಾಕು. ತಪ್ಪು ದಾರಿಯಲ್ಲಿ ಪಳಗಿದ ಕೈಯನ್ನು ಸರಿ ದಾರಿಗೆ ತರುವಾಗ ಓಣಂ ರಜೆ ಬಂದಿರುತ್ತದೆ. ಅಷ್ಟು ಹೊತ್ತಿಗೆ ಮಗುವಿಗೂ ಬೇಜಾರು. ಅಮ್ಮ ಭೇಷ್ ಎಂದದ್ದನ್ನು ಟೀಚರ್ ತಪ್ಪು ಎನ್ನುತ್ತಾಳೆ, ಅಲ್ವಾ?

ಇನ್ನೊಂದು, ಮಗುವಿನ ಕೈ. ನಾನು ಡಾಕ್ಟರಲ್ಲ, ಓದಿ ತಿಳಿದಷ್ಟು ಹೇಳುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಗಟ್ಟಿ ಎಲುಬಾಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿಯಾಗಿರುತ್ತವೆ. ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯ ಎಲುಬಿನ ಸರದಿ ಬರುವುದು ಸಾಧಾರಣ 8ರಿಂದ 12 ವರ್ಷದ ಒಳಗೆ. ಹಾಗಂತ ಅಲ್ಲಿಯ ವರೆಗೆ ಬರೆಸಲೇಬಾರದು ಅಂತಲ್ಲ. ಐದು ವರ್ಷದ ಕೈಯಿಂದ ಪುಟಗಟ್ಟಲೆ ಕೇಳಬೇಡಿ ಅಂತ ಮಾತ್ರ. ಸುಸ್ತಾದ ಕೈ ಪೆನ್ಸಿಲನ್ನು ಮುಷ್ಟಿ ಕಟ್ಟಿ ಹಿಡಿಯುತ್ತದೆ, ಹೆಬ್ಬೆರಳು ಬಂದು ಬೇರೆ ಬೆರಳುಗಳ ಮೇಲೆ ಕೂರುತ್ತದೆ. ಒಮ್ಮೆ ಕೂತ ಹೆಬ್ಬೆರಳನ್ನು ಎಬ್ಬಿಸಿ ನೋಡಿ, ಆಗ ನನ್ನ ಪಾಡು ಗೊತ್ತಾಗುತ್ತದೆ. ನಿಮ್ಮ ಮಗುವಿನ ಕಾಪಿ ಪುಸ್ತಕ ಹತ್ತಿರ ಇದ್ದರೆ ಒಂದು ಪುಟ ತಿರುಗಿಸಿ, ಹಿಂಬದಿಯಲ್ಲಿ ಬೆರಳಾಡಿಸಿ. ಅಕ್ಷರ ಗುಬ್ಬೆ ಗುಬ್ಬೆಯಾಗಿ ಕೈಗೆ ತಾಗುತ್ತದಾ? ಹಾಗಾದರೆ ಮಗು ಬರೆಯುತ್ತಿರುವುದು ಬೆರಳಿನಿಂದಲ್ಲ, ಇಡೀ ತೋಳಿನ ಬಲದಿಂದ.

ಕೆಲವು ವರ್ಷದ ಹಿಂದೆ ಬದಿಯಡ್ಕದಿಂದ ಒಳಗೆ ಒಂದು ಮನೆಗೆ ಹೋಗಿದ್ದೆ. ಅಂಗಳ ತುಂಬ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಅಜ್ಜಿಗೆ ನಾಚಿಕೆ. “ಇವಳಿಗೆ ಒಂದಕ್ಷರ ಬರುವುದಿಲ್ಲ ಟೀಚರೇ. ಇವಳ ಅಮ್ಮನಿಗೆ ಬೀಡಿಯೇ ಮುಗಿಯುವುದಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಹೇಳಿಕೊಡಲಿಕ್ಕೆ ಯಾರಿದ್ದಾರೆ?” ಮೊಮ್ಮಗಳು ಜಗಲಿಯಲ್ಲಿ ಕೂತು ಅಬ್ಬಲಿಗೆ ಹೂ ಕಟ್ಟುತ್ತಿದ್ದಳು. ನೆನೆಸಿದ ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಹೂ ಈ ಕಡೆ, ಎರಡು ಆ ಕಡೆ ಇಟ್ಟು, ಸುತ್ತು ಹಾಕಿ ಎಳೆಯುವುದು. ಜಾಸ್ತಿ ಎಳೆದರೆ ತೊಟ್ಟು ತುಂಡಾಗುತ್ತದೆ, ಕಡಿಮೆ ಎಳೆದರೆ ಹೂ ಜಾರುತ್ತದೆ. ಅಬ್ಬಲಿಗೆಯ ತೊಟ್ಟು ಎಷ್ಟು ನಾಜೂಕು ಅಂತ ಕಟ್ಟಿದವರಿಗೆ ಗೊತ್ತು. ಆ ಐದು ವರ್ಷದ ಬೆರಳುಗಳಿಗೆ ಅದು ಗೊತ್ತಿತ್ತು. ಆ ವರ್ಷ ನನ್ನ ಕ್ಲಾಸಿನಲ್ಲಿ ಪೆನ್ಸಿಲ್ ಮೊದಲು ಸರಿಯಾಗಿ ಹಿಡಿದವಳು ಅವಳೇ. ಒಂದು ಮಗುವನ್ನು ನೋಡಿ ಎಲ್ಲ ಮಕ್ಕಳಿಗೂ ಹೀಗೆಯೇ ಎಂದು ಹೇಳಬಾರದು, ಒಪ್ಪುತ್ತೇನೆ. ಆದರೂ ಆ ಅಜ್ಜಿಯ ನಾಚಿಕೆ ಮಾತ್ರ ಸುಮ್ಮನೆ ಪಟ್ಟದ್ದು.

ಹಾಗಾಗಿ ಮೇ ತಿಂಗಳಲ್ಲಿ ಮಗುವಿಗೆ ಏನು ಮಾಡಿಸಬೇಕು ಎಂದರೆ, ಮನೆ ಕೆಲಸ. ಬೇಯಿಸಿದ ಹಲಸಿನ ಬೀಜದ ಸಿಪ್ಪೆ ತೆಗೆಯಲಿ. ಅಲಸಂಡೆ ಮುರಿಯಲಿ. ಚಪಾತಿ ಹಿಟ್ಟಿನಲ್ಲಿ ಹಾವು ಮಾಡಲಿ. ಶರ್ಟಿನ ಬಟನ್ ತಾನೇ ಹಾಕಲಿ. ಮುಖ್ಯವಾಗಿ ನೀರಿನ ಬಾಟ್ಲಿಯ ಮುಚ್ಚಳ ತಾನೇ ತೆರೆಯಲಿ. ಸೇರಿದ ಮೊದಲ ವಾರ ನನ್ನ ಅರ್ಧ ದಿನ ಮುಚ್ಚಳ ತೆರೆಯುವುದರಲ್ಲೇ ಹೋಗುತ್ತದೆ. ಕಾಗುಣಿತ ಹೇಳುವ ಮಕ್ಕಳ ಬಾಟ್ಲಿಯೂ ಅದರಲ್ಲಿ ಇರುತ್ತದೆ.

ಮತ್ತೆ, ಮಾತು. ನಮ್ಮ ಕ್ಲಾಸಿಗೆ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಎಲ್ಲ ಬರುತ್ತವೆ. ಶಾಲೆಗೆ ಸೇರಿಸಬೇಕು ಎಂದು ಏಪ್ರಿಲ್‌ನಲ್ಲೇ ಮನೆಮಾತು ನಿಲ್ಲಿಸಿ ಪುಸ್ತಕದ ಕನ್ನಡ ಶುರು ಮಾಡುವ ಮನೆಗಳಿವೆ. ಪಾಪ, ಆ ಮಗು ಎರಡೂ ಕಡೆ ಬಾಯಿ ಮುಚ್ಚಿ ಕೂರುತ್ತದೆ. ಬೆಕ್ಕು ಮರಿ ಹಾಕಿದ ಕತೆಯನ್ನು ತುಳುವಿನಲ್ಲಿ ಪೂರ್ತಿ ಹೇಳುವ ಮಗು ನನಗೆ ಸಾಕು. ಕನ್ನಡ ಕೊಡುವುದು ನನ್ನ ಕೆಲಸ, ಅದಕ್ಕೇ ಸಂಬಳ.

“ಪಕ್ಕದ ಮನೆಯ ಮಗು ಯುಕೆಜಿಯಲ್ಲೇ ಎಲ್ಲ ಬರೆಯುತ್ತದೆ” ಎನ್ನುವವರಿಗೆ ನನ್ನ ಹತ್ತಿರ ಜಾಸ್ತಿ ಉತ್ತರವಿಲ್ಲ. ಬರೆಯಲಿ. ಆದರೆ 49 ಅಕ್ಷರವನ್ನು ಸಾಲಾಗಿ ಬರೆಸುವ ಅವಸರ ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಐದು ವರ್ಷದ ಮಗುವಿನಿಂದ ಞ ಬರೆಸಿ ಯಾರಿಗೆ ಏನಾಗಬೇಕು? ನಾನೇ ಞ ಬರೆಯದೆ ಎಷ್ಟು ಕಾಲವಾಯಿತೋ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಡುತ್ತ ಕಲಿಯುವ ನಲಿಕಲಿ ಪದ್ಧತಿಯಲ್ಲೂ ಅಕ್ಷರಗಳ ಮೊದಲ ಗುಂಪು ರ ಗ ಸ ದ ಅ. ಸುಲಭದ ಸುತ್ತು ಮೊದಲು. ಅ ಬರುವುದು ಐದನೆಯದಾಗಿ. ಅದಕ್ಕೆ ಕೈ ಎಷ್ಟು ಕಡೆ ತಿರುಗಬೇಕು ಅಂತ ಒಮ್ಮೆ ನಿಧಾನವಾಗಿ ಬರೆದು ನೋಡಿ.

ವಿಜಯದಶಮಿಗೆ ಅಕ್ಕಿಯಲ್ಲಿ ಬರೆಸುವುದು ತಪ್ಪಾ ಎಂದು ಕೆಲವರು ಗಾಬರಿಯಿಂದ ಕೇಳುತ್ತಾರೆ. ಖಂಡಿತ ಇಲ್ಲ. ಕೊಲ್ಲೂರಿಗೆ ಹೋಗಿಯೋ ಮನೆಯ ದೇವರ ಕೋಣೆಯಲ್ಲೋ, ಹರಿವಾಣದ ಅಕ್ಕಿಯಲ್ಲಿ, ಬೆರಳು ಹಿಡಿದು, ದೊಡ್ಡದಾಗಿ, ದೊಡ್ಡವರ ಕೈಯೇ ದಾರಿ ತೋರಿಸುತ್ತ ಬರೆಸುತ್ತಾರೆ. ನನ್ನ ಹೊಯ್ಗೆ ತಟ್ಟೆಯ ಪಾಠವೂ ಅದೇ. ಹಿರಿಯರು ಅಷ್ಟಕ್ಕೆ ನಿಲ್ಲಿಸುತ್ತಿದ್ದರು. ನೀವು ಮರುದಿನವೇ ಪೇಟೆಗೆ ಹೋಗಿ ಕಾಪಿ ಪುಸ್ತಕ ತರುತ್ತೀರಿ.

ಎಡಗೈ ಮಕ್ಕಳ ಬಗ್ಗೆ ಒಂದು ಮಾತು. ಊಟಕ್ಕೆ ಬಲಗೈ ಎಂದು ಹೇಳುವುದು ನಿಮ್ಮ ಮನೆಯ ವಿಷಯ. ಬರೆಯುವ ಕೈ ಬದಲಿಸಲು ಹೋಗಬೇಡಿ. ಎಡಗೈ ಮಗುವನ್ನು ಬೆಂಚಿನ ಎಡ ತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಅಷ್ಟು ವ್ಯವಸ್ಥೆ ನಾವು ಮಾಡುತ್ತೇವೆ.

ಮಗು ತಾನಾಗಿ ಗೋಡೆ ಮೇಲೆ, ಅಂಗಳದಲ್ಲಿ ಗೀಚುತ್ತಿದ್ದರೆ ಬಿಟ್ಟುಬಿಡಿ, ಕಿತ್ತುಕೊಳ್ಳಬೇಡಿ. ನಾನು ಬೇಡ ಎಂದದ್ದು ಕೂರಿಸಿ ಬರೆಸುವುದನ್ನು. ಒಂದನೇ ಕ್ಲಾಸು ಮುಗಿಯುತ್ತ ಬಂದರೂ ಪೆನ್ಸಿಲ್ ಹಿಡಿಯಲು, ಗೆರೆಯೊಳಗೆ ನಿಲ್ಲಿಸಲು ತುಂಬ ಕಷ್ಟಪಡುತ್ತಿದ್ದರೆ ಅದು ಬೇರೆ ಸಂಗತಿ. ಆಗ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಕಣ್ಣು ತೋರಿಸಿ. ಬಿಆರ್‌ಸಿಯಲ್ಲಿ, ಅಂದರೆ ಶಾಲೆಗಳಿಗೆ ನೆರವಾಗುವ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗಾಗಿಯೇ ತರಬೇತಿ ಆದ ಟೀಚರುಗಳಿದ್ದಾರೆ, ಅವರು ನೋಡಿ ಹೇಳಲಿ. ಫೋಟೋ ನೋಡಿ ನಾನು ಹೇಳುವುದಕ್ಕೆ ಬರುವುದಿಲ್ಲ.

ಬರೆಯಲೇಬೇಕು ಎಂದು ನಿಮ್ಮ ಕೈ ತುರಿಸುತ್ತಿದ್ದರೆ ಒಂದು ಕೆಲಸ ಇದೆ. ಕೊಡೆಯ ಮೇಲೆ ಮಗುವಿನ ಹೆಸರು ಬರೆಯಿರಿ. ಬಟ್ಟೆಯ ಮೇಲೂ ಹಿಡಿಯ ಮೇಲೂ, ಮಳೆಗೆ ಅಳಿಸಿ ಹೋಗದ ಪೆನ್ನಿನಲ್ಲಿ. ಚೀಲಕ್ಕೂ, ಬಾಟ್ಲಿಗೂ. ಸಂಜೆ ನಾಲ್ಕಕ್ಕೆ ಜಡಿಮಳೆಯಲ್ಲಿ, ಒಂದೇ ಗೊಂಬೆಯ ಚಿತ್ರ ಇರುವ ಏಳೆಂಟು ಕೊಡೆ ಹಿಡಿದುಕೊಂಡು ಯಾವುದು ಯಾರದ್ದು ಅಂತ ನಾನು ಜಗಲಿಯಲ್ಲಿ ಕೂಗುತ್ತಿರುವಾಗ, ಆ ಹೊತ್ತಿಗೆ ಮಕ್ಕಳಿಗೆ ತಮ್ಮ ಕೊಡೆಯ ಬಣ್ಣವೂ ಮರೆತುಹೋಗಿರುತ್ತದೆ.