ಜಾಜ್ ಮನೂಶ್: ಒಂದು ಹೆಸರು, ಒಂದು ಗಿಟಾರ್ ಮತ್ತು ಜಾಂಗೊ ರೈನ್‌ಹಾರ್ಟ್

'ಜಾಜ್ ಮನೂಶ್' ಫ್ರೆಂಚ್ ಭಾಷೆಯ ಪದಗುಚ್ಛ. 1930ರ ದಶಕದ ಪ್ಯಾರಿಸ್ಸಿನಲ್ಲಿ ರೂಪುಗೊಂಡು, ಡ್ರಮ್ಮಾಗಲಿ ತುತ್ತೂರಿಯಾಗಲಿ ಇಲ್ಲದೆ ಕೇವಲ ತಂತಿವಾದ್ಯಗಳಿಂದಲೇ ನುಡಿಯುವ ಜಾಜ್ ಶೈಲಿಯೊಂದಕ್ಕೆ ಇಂದು ಈ ಹೆಸರು ಸಲ್ಲುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಜಿಪ್ಸಿ ಜಾಜ್ ಎನ್ನುವುದು ರೂಢಿ. ಈ ಶೈಲಿಯ ಆರಂಭವನ್ನು ಒಬ್ಬ ವ್ಯಕ್ತಿಯ ಕೈಗಳಲ್ಲಿಯೇ ಗುರುತಿಸಬಹುದು. 1910ರ ಜನವರಿ 23ರಂದು ಬೆಲ್ಜಿಯಂ ದೇಶದ ಲಿಬೆರ್‌ಶೀ ಎಂಬ ಹಳ್ಳಿಯ ಬಳಿ ತಂಗಿದ್ದ ಅಲೆಮಾರಿ ಕುಟುಂಬವೊಂದರಲ್ಲಿ ಹುಟ್ಟಿದ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರೇ ಆ ವ್ಯಕ್ತಿ. ಆದರೆ ಹೆಸರು ಸೂಚಿಸುವುದಕ್ಕೂ ಸಂಗೀತದೊಳಗೆ ವಾಸ್ತವವಾಗಿ ಇರುವುದಕ್ಕೂ ನಡುವೆ ಗಣನೀಯ ಅಂತರವಿದೆ. ಆ ಅಂತರವನ್ನು ಅರಿತ ಮೇಲೆಯೇ ಈ ಪದದ ಅರ್ಥ ಪೂರ್ತಿಯಾಗಿ ತಿಳಿಯುತ್ತದೆ.

ಮೊದಲು 'ಮನೂಶ್' ಪದವನ್ನು ನೋಡೋಣ. ಕನ್ನಡಿಗರಿಗೆ ಇದು ವೇಷ ಬದಲಿಸಿಕೊಂಡು ಬಂದ ಪರಿಚಿತ ಪದ, ಏಕೆಂದರೆ ರೋಮಾನಿ ಭಾಷೆಯ 'ಮನುಶ್' ಎಂಬುದಕ್ಕೂ ಸಂಸ್ಕೃತದಿಂದ ನಾವು ಪಡೆದುಕೊಂಡ 'ಮನುಷ್ಯ' ಎಂಬುದಕ್ಕೂ ಮೂಲ ಒಂದೇ, ಅರ್ಥವೂ ಒಂದೇ. ಯುರೋಪಿನ ರೋಮಾ ಜನರು ಆಡುವ ರೋಮಾನಿಯು ಇಂಡೋ-ಆರ್ಯನ್ ಭಾಷಾವರ್ಗಕ್ಕೆ ಸೇರಿದ್ದು. ನೀರಿಗೆ 'ಪಾನಿ', ಮೂಗಿಗೆ 'ನಾಕ್', ಹತ್ತಕ್ಕೆ 'ದೆಶ್' ಎನ್ನುವ ಆ ಭಾಷೆಯನ್ನಾಡುವವರ ಪೂರ್ವಜರು ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಭಾರತ ಉಪಖಂಡದಿಂದ ಪಶ್ಚಿಮಕ್ಕೆ ವಲಸೆ ಹೋದರೆಂಬುದನ್ನು ಭಾಷಾವಿಜ್ಞಾನಿಗಳು ಪದಗಳ ಸಾಕ್ಷ್ಯದಿಂದಲೇ ಸ್ಥಾಪಿಸಿದ್ದಾರೆ. ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ನೆಲೆಸಿದ ಒಂದು ರೋಮಾ ಪಂಗಡ ತನ್ನನ್ನು ಮನೂಶ್ ಎಂದು ಕರೆದುಕೊಂಡಿತು. ಇತರರು ಕೊಟ್ಟ 'ಜಿಪ್ಸಿ' ಎಂಬ ಹೆಸರಾದರೋ, ಈ ಜನ ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಅವರಲ್ಲಿ ಅನೇಕರು ಅದನ್ನು ಅವಮಾನಕರವೆಂದೇ ಭಾವಿಸುತ್ತಾರೆ. ಆದ್ದರಿಂದ ಎರಡು ಹೆಸರುಗಳ ಪೈಕಿ 'ಜಾಜ್ ಮನೂಶ್' ಎಂಬುದನ್ನೇ ಬಳಸುವುದು ನ್ಯಾಯವೆಂದು ನಾನು ತಿಳಿದಿದ್ದೇನೆ.

ಪದದ ಬೇರು ಭಾರತದ ಕಡೆಗೆ ಚಾಚಿದೆ ಎಂದ ಮಾತ್ರಕ್ಕೆ ಸಂಗೀತದ ಬೇರೂ ಹಾಗೆಯೇ ಇರಬೇಕೆಂದು ಊಹಿಸುವುದು ಸುಲಭ, ಮತ್ತು ನಮ್ಮವರಿಗೆ ಆ ಊಹೆ ಹಿತವೂ ಹೌದು. ಆದರೆ ಜಾಂಗೊ ಅವರ ಗಿಟಾರಿನಲ್ಲಿ ಕೇಳುವುದು ಪ್ಯಾರಿಸ್ಸಿನ ಹೊರವಲಯದ ನೃತ್ಯಶಾಲೆಗಳ ನಾದ ಮತ್ತು ಅಮೆರಿಕದಿಂದ ಬಂದ ಗ್ರಾಮಫೋನ್ ತಟ್ಟೆಗಳ ನಾದ. ಮನೂಶ್ ಸಮುದಾಯವು ಅವರಿಗೆ ಕೊಟ್ಟದ್ದು ಯಾವುದೋ ಒಂದು ಪ್ರಾಚೀನ ರಾಗವನ್ನಲ್ಲ. ಬಾಲ್ಯದಿಂದಲೇ ವಾದ್ಯಗಳ ನಡುವೆ ಬೆಳೆಯುವ ಬದುಕನ್ನು, ಹಿರಿಯರ ಬೆರಳುಗಳನ್ನು ನೋಡಿ ಕಿವಿಯಿಂದಲೇ ಕಲಿಯುವ ಕ್ರಮವನ್ನು, ಸಂಗೀತವನ್ನೇ ಜೀವನೋಪಾಯವಾಗಿ ಕಾಣುವ ಮನೋಭಾವವನ್ನು.

ಅವರ ಕುಟುಂಬದ ಬಂಡಿ ಪ್ಯಾರಿಸ್ ನಗರದ ಹಳೆಯ ಕೋಟೆಗೋಡೆಗಳಾಚೆಯ ಬಡವರ ವಸತಿಪ್ರದೇಶದಲ್ಲಿ ತಂಗುತ್ತಿತ್ತು. ಹನ್ನೆರಡರ ವಯಸ್ಸಿನ ಸುಮಾರಿಗೆ ಹುಡುಗನ ಕೈಗೆ ಬಂದದ್ದು ಬ್ಯಾಂಜೊ-ಗಿಟಾರ್, ಅಂದರೆ ಗಿಟಾರಿನಂತೆ ಆರು ತಂತಿಗಳಿದ್ದು ಬ್ಯಾಂಜೊವಿನಂತೆ ಚರ್ಮ ಬಿಗಿದ ದುಂಡಗಿನ ಒಡಲಿರುವ ವಾದ್ಯ. ಅಕಾರ್ಡಿಯನ್ನಿನ ಅಬ್ಬರದ ನಡುವೆಯೂ ಇದರ ದನಿ ಮುಳುಗಿಹೋಗುತ್ತಿರಲಿಲ್ಲವಾದ್ದರಿಂದ 'ಬಾಲ್ ಮ್ಯೂಸೆಟ್' ಎಂಬ ನೃತ್ಯಶಾಲೆಗಳಲ್ಲಿ ಇದಕ್ಕೆ ಬೇಡಿಕೆಯಿತ್ತು. ಮ್ಯೂಸೆಟ್ ಎಂದರೆ ಮೂಲತಃ ಚೀಲಕೊಳವೆಯ ವಾದ್ಯ. ಓವೆರ್ನ್ ಪ್ರಾಂತದಿಂದ ಪ್ಯಾರಿಸ್ಸಿಗೆ ಕೂಲಿಗಾಗಿ ಬಂದವರು ಅದರ ನಾದಕ್ಕೆ ಕುಣಿಯುತ್ತಿದ್ದರು. ಇಟಲಿಯ ವಲಸಿಗರು ಅಕಾರ್ಡಿಯನ್ ತಂದ ಮೇಲೆ ಚೀಲಕೊಳವೆ ಹಿಂದೆ ಸರಿಯಿತು, ಹೆಸರು ಮಾತ್ರ ಉಳಿಯಿತು. ಈ ಶಾಲೆಗಳ ವಾಲ್ಟ್ಸ್ ಮೂರೆಣಿಕೆಯ ತಾಳದ ನೃತ್ಯಸಂಗೀತ. ಬಿರುಸಿನ ಆರೋಹಣ-ಅವರೋಹಣಗಳು, ಸ್ವರವೊಂದರ ಸುತ್ತ ಪಕ್ಕದ ಸ್ವರಗಳನ್ನು ಮಿಂಚಿನಂತೆ ಮುಟ್ಟಿ ಬರುವ ಅಲಂಕಾರಗಳು, ಮಂಕು ಕವಿದಂತಹ ಮೈನರ್ ಶ್ರುತಿಭಾವ ಇವು ಅದರ ಲಕ್ಷಣಗಳು. ಮುಂದೆ ಜಾಂಗೊ ಜಾಜ್ ನುಡಿಸಿದಾಗಲೂ ಈ ಅಲಂಕಾರಗಳು ಅವರ ಬೆರಳುಗಳನ್ನು ಬಿಡಲಿಲ್ಲ; ಅಮೆರಿಕದ ಗಿಟಾರ್ ವಾದಕರಿಂದ ಅವರನ್ನು ಮೊದಲ ಕ್ಷಣದಲ್ಲೇ ಪ್ರತ್ಯೇಕಿಸಿ ಗುರುತಿಸಲು ಸಾಧ್ಯವಾಗುವುದು ಮುಖ್ಯವಾಗಿ ಈ ಕಾರಣದಿಂದಲೇ. 1928ರಲ್ಲಿ ನಡೆದ ಅವರ ಮೊದಲ ಧ್ವನಿಮುದ್ರಣಗಳು ಕೂಡ ಅಕಾರ್ಡಿಯನ್ ವಾದಕರೊಬ್ಬರ ಜೊತೆಗಿನವು. ಓದುಬರಹ ಕಲಿಯದ ಜಾಂಗೊ ತಮ್ಮ ಹೆಸರಿನ ಅಕ್ಷರಗಳನ್ನು ತಾವೇ ಹೇಳಲಾರದೆ ಹೋದುದರಿಂದ ತಟ್ಟೆಯ ಮೇಲೆ ಅದು ತಪ್ಪಾಗಿ ಅಚ್ಚಾಯಿತು.

ಅದೇ ವರ್ಷದ ಕೊನೆಯ ಭಾಗದಲ್ಲಿ ಒಂದು ರಾತ್ರಿ ಅವರ ಬಂಡಿಗೆ ಬೆಂಕಿ ಬಿತ್ತು. ಮಾರಾಟಕ್ಕೆಂದು ಹೆಂಡತಿ ತಯಾರಿಸಿದ್ದ ಸೆಲ್ಯುಲಾಯ್ಡ್ ಹೂವುಗಳು ಬಂಡಿಯ ತುಂಬ ಇದ್ದವು, ಮತ್ತು ಸೆಲ್ಯುಲಾಯ್ಡ್ ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುವ ವಸ್ತು. ಸುಟ್ಟ ಎಡಗೈಯಲ್ಲಿ ಉಂಗುರದ ಬೆರಳು ಮತ್ತು ಕಿರುಬೆರಳು ಮುದುಡಿಕೊಂಡು ಗಟ್ಟಿಯಾದವು. ಚೇತರಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ಆ ಅವಧಿಯಲ್ಲಿ ತಮ್ಮ ಜೋಸೆಫ್ ತಂದುಕೊಟ್ಟ ಗಿಟಾರಿನ ಮೇಲೆ ಅವರು ಎಲ್ಲವನ್ನೂ ಮೊದಲಿನಿಂದ ಕಲಿತರು. ಏಕಸ್ವರದ ಓಟಗಳನ್ನು ತೋರುಬೆರಳು ಮತ್ತು ನಡುಬೆರಳುಗಳಿಂದಲೇ ನುಡಿಸಬೇಕಾದ್ದರಿಂದ ಕೈಯನ್ನು ಒಂದೆಡೆ ನಿಲ್ಲಿಸದೆ ವಾದ್ಯದ ಕತ್ತಿನ ಉದ್ದಕ್ಕೂ ಜಾರಿಸುವ ಕ್ರಮ ಅವರಿಗೆ ಸಹಜವಾಯಿತು; ಗಾಯಗೊಂಡ ಬೆರಳುಗಳು ಕಾರ್ಡ್ ಎಂಬ ಸ್ವರಗುಚ್ಛಗಳನ್ನು ಹಿಡಿಯುವಾಗ ಮೇಲಿನ ತಂತಿಗಳನ್ನು ಒತ್ತಲಷ್ಟೇ ನೆರವಾದವು. ಈ ಶೈಲಿಯೇ ಗಾಯದ ಫಲವೆಂದು ಹೇಳುವವರಿದ್ದಾರೆ. ನನಗೆ ಅದು ಅರ್ಧ ಸತ್ಯವೆಂದು ತೋರುತ್ತದೆ. ಗಾಯವು ಬೆರಳುಗಳ ದಾರಿಯನ್ನು ನಿರ್ಣಯಿಸಿತು, ನಿಜ; ಆ ದಾರಿಯಲ್ಲಿ ಯಾವ ಸ್ವರಗಳು ಹೋಗಬೇಕೆಂಬುದನ್ನು ನಿರ್ಣಯಿಸಿದ್ದು ಅವರ ಕಿವಿ.

ಆ ಕಿವಿಗೆ ಹೊಸ ಲೋಕ ತೆರೆದದ್ದು ಸುಮಾರು 1931ರಲ್ಲಿ, ಮೆಡಿಟರೇನಿಯನ್ ತೀರದ ತೂಲೋನ್ ಪಟ್ಟಣದಲ್ಲಿ. ಚಿತ್ರಕಾರ ಹಾಗೂ ಛಾಯಾಗ್ರಾಹಕ ಎಮಿಲ್ ಸಾವಿತ್ರಿ ತಮ್ಮ ಬಳಿಯಿದ್ದ ಅಮೆರಿಕನ್ ಜಾಜ್ ತಟ್ಟೆಗಳನ್ನು ಜಾಂಗೊ ಅವರಿಗೆ ಅಲ್ಲಿ ಕೇಳಿಸಿದರು. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಟ್ರಂಪೆಟ್, ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ, ಜೋ ವೆನೂಟಿ ಮತ್ತು ಎಡ್ಡಿ ಲ್ಯಾಂಗ್ ಅವರ ಪಿಟೀಲು-ಗಿಟಾರ್ ಜೋಡಿ ಅವುಗಳಲ್ಲಿದ್ದವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಜಾಂಗೊ ಅವರ ಮೇಲೆ ಅತ್ಯಂತ ಆಳವಾದ ಪ್ರಭಾವ ಬೀರಿದವರು ಗಿಟಾರ್ ವಾದಕರಲ್ಲ, ಟ್ರಂಪೆಟ್ ವಾದಕ ಆರ್ಮ್‌ಸ್ಟ್ರಾಂಗ್. ಒಂದು ಸ್ವರವನ್ನು ಹಿಡಿದು ಕಂಪಿಸುತ್ತ ನಿಲ್ಲಿಸುವುದು, ತಾಳದ ಪೆಟ್ಟಿಗಿಂತ ತುಸು ಹಿಂದೆ ಉಳಿದು ಥಟ್ಟನೆ ಮುಂದೆ ಹಾರುವುದು, ವೃಂದದ ತುತ್ತೂರಿಗಳೆಲ್ಲ ಒಟ್ಟಿಗೆ ಮೊಳಗಿದಂತೆ ಕಾರ್ಡುಗಳನ್ನು ಅದುರಿಸುವುದು, ಇವೆಲ್ಲ ಊದುವ ವಾದ್ಯಗಳ ಉಸಿರನ್ನು ತಂತಿಯ ಮೇಲೆ ತರುವ ಪ್ರಯತ್ನಗಳು. ಇವುಗಳ ಜೊತೆಗೆ ದೆಬ್ಯುಸಿ ಮತ್ತು ರಾವೆಲ್ ಅವರ ಫ್ರೆಂಚ್ ಶಾಸ್ತ್ರೀಯ ಸಂಗೀತವೂ ಅವರನ್ನು ಸೆಳೆಯಿತು. 1940ರಲ್ಲಿ ಮೊದಲ ಬಾರಿಗೆ ಧ್ವನಿಮುದ್ರಿತವಾದ 'ನ್ಯುಆಜ್' ಅಂದರೆ 'ಮೋಡಗಳು' ಎಂಬ ಅವರ ಕೃತಿಯಲ್ಲಿ ಸ್ವರಗಳು ಅರ್ಧಸ್ವರದ ಅಂತರದಲ್ಲಿ ಮೆಲ್ಲನೆ ಜಾರಿಳಿಯುವ ಬಗೆಯಲ್ಲಿ ಆ ಒಲವು ಕೇಳಿಬರುತ್ತದೆ.

ಇನ್ನು ವಾದ್ಯ. ಈ ಶೈಲಿಯ ನಾದವನ್ನು ಮಾತಿನಲ್ಲಿ ವಿವರಿಸಲು ಹೊರಟವರು ಸೆಲ್ಮರ್ ಗಿಟಾರಿನ ಮುಂದೆ ಬಂದು ನಿಲ್ಲಲೇಬೇಕು. ಇಟಲಿಯ ಗಿಟಾರ್ ವಾದಕ ಹಾಗೂ ವಾದ್ಯಶಿಲ್ಪಿ ಮಾರಿಯೊ ಮಕಾಫೆರ್ರಿ ರೂಪಿಸಿದ ಈ ಗಿಟಾರನ್ನು, ಸ್ಯಾಕ್ಸೊಫೋನ್ ತಯಾರಿಕೆಗೆ ಹೆಸರಾಗಿದ್ದ ಪ್ಯಾರಿಸ್ಸಿನ ಸೆಲ್ಮರ್ ಕಂಪನಿಯು 1932ರಿಂದ ತಯಾರಿಸತೊಡಗಿತು. ಆರಂಭದ ಮಾದರಿಯಲ್ಲಿ ನಾದರಂಧ್ರವು ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿ ಅಗಲವಾಗಿತ್ತು. ವಾದಕರು ಅದನ್ನು 'ದೊಡ್ಡ ಬಾಯಿ' ಎಂದು ಕರೆದರು. ಮಕಾಫೆರ್ರಿ ಕಂಪನಿಯನ್ನು ತೊರೆದ ಬಳಿಕ ಬಂದ ಮಾದರಿಯಲ್ಲಿ ರಂಧ್ರವು ಚಿಕ್ಕದಾದ ಅಂಡಾಕಾರ ತಾಳಿ 'ಸಣ್ಣ ಬಾಯಿ' ಎನಿಸಿತು. ತಂತಿಯ ಮಿಡಿಯುವ ಭಾಗದ ಉದ್ದವೂ ಸುಮಾರು 67 ಸೆಂಟಿಮೀಟರ್ ಆಯಿತು, ಇದು ಸಾಮಾನ್ಯ ಗಿಟಾರುಗಳಿಗಿಂತ ಹೆಚ್ಚು. ಉದ್ದ ಹೆಚ್ಚಿದಂತೆ ಬಿಗಿತವೂ ಹೆಚ್ಚುತ್ತದೆ. ಇದಕ್ಕೆ ಬೆಳ್ಳಿಲೇಪಿತ ತಾಮ್ರ ಸುತ್ತಿದ ತೆಳುವಾದ ತಂತಿಗಳೂ ಸೇರಿ, ಆರಂಭದಲ್ಲಿ ಥಟ್ಟನೆ ಚಿಮ್ಮಿ ಬೇಗನೆ ಇಳಿದುಹೋಗುವ, ತುಸು ಅನುನಾಸಿಕವಾದ, ದೂರಕ್ಕೆ ಕೇಳುವ ನಾದ ಹೊರಡುತ್ತದೆ. ಏಕವಾದನದವರು ಸಣ್ಣ ಬಾಯಿಯನ್ನೂ ಪಕ್ಕದವರು ದೊಡ್ಡ ಬಾಯಿಯನ್ನೂ ಆರಿಸಿಕೊಳ್ಳುವ ವಾಡಿಕೆ ಇಂದಿಗೂ ಇದೆ. ಸೆಲ್ಮರ್ ಒಟ್ಟಾರೆ ತಯಾರಿಸಿದ ಗಿಟಾರುಗಳು ಒಂದು ಸಾವಿರಕ್ಕೂ ಕಡಿಮೆ, ತಯಾರಿಕೆ 1952ರಲ್ಲಿ ನಿಂತಿತು. ಜಾಂಗೊ ನುಡಿಸುತ್ತಿದ್ದ 503ನೇ ಸಂಖ್ಯೆಯ ಗಿಟಾರ್ ಪ್ಯಾರಿಸ್ಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ವಾದ್ಯಕ್ಕೆ ತಕ್ಕ ಬಲಗೈಯೂ ಬೇಕು. ಮಣಿಕಟ್ಟನ್ನು ಬಾಗಿಸಿ, ಅಂಗೈಯನ್ನು ಗಿಟಾರಿನ ಮೇಲೆ ಊರದೆ, ದಪ್ಪನೆಯ ಪಿಕ್ಕಿನಿಂದ, ಅಂದರೆ ಬೆರಳುಗಳಲ್ಲಿ ಹಿಡಿಯುವ ಮೀಟುಬಿಲ್ಲೆಯಿಂದ, ತಂತಿಯನ್ನು ಕೆಳಮುಖವಾಗಿ ಮೀಟಿದಾಗ ಪಿಕ್ಕು ಮುಂದಿನ ತಂತಿಯ ಮೇಲೆ ಬಂದು ವಿಶ್ರಮಿಸುತ್ತದೆ. ಹೊಸ ತಂತಿಗೆ ದಾಟಿದಾಗಲೆಲ್ಲ ಮೊದಲ ಮೀಟು ಕೆಳಮುಖವೇ ಆಗಿರಬೇಕೆಂಬುದು ನಿಯಮ. ಧ್ವನಿವರ್ಧಕವಿಲ್ಲದೆ ಒಂದು ಸಭಾಂಗಣವನ್ನು ತುಂಬಬೇಕಾಗಿದ್ದ ಕಾಲದ ಅಗತ್ಯದಿಂದ ಬಂದ ಕ್ರಮವಿದು. ಎಡಗೈಯ ಗಾಯದ ಕತೆಗೆ ಸಿಕ್ಕಷ್ಟು ಗಮನ ಈ ಬಲಗೈಗೆ ಸಿಕ್ಕಿಲ್ಲವೆಂಬುದು ನನ್ನ ಕೊರಗು, ಏಕೆಂದರೆ ಜಾಂಗೊ ಅವರ ನಾದದ ಗಾತ್ರವೆಲ್ಲ ಅಲ್ಲಿಂದಲೇ ಬರುತ್ತದೆ.

ಇದೇ ಬಲಗೈಗೆ ಸಂಬಂಧಿಸಿದ ಇನ್ನೊಂದು ಪಾರಿಭಾಷಿಕ ಪದ 'ಲಾ ಪೊಂಪ್', ಅಕ್ಷರಶಃ 'ಪಂಪು'. ಡ್ರಮ್ ಇಲ್ಲದ ಮೇಳದಲ್ಲಿ ಲಯವನ್ನು ಹೊರುವ ಹೊಣೆ ಪಕ್ಕದ ಗಿಟಾರುಗಳದು. ನಾಲ್ಕೆಣಿಕೆಯ ಆವರ್ತನದಲ್ಲಿ ಒಂದು ಮತ್ತು ಮೂರನೆಯ ಎಣಿಕೆಗಳಲ್ಲಿ ಕೆಳಗಿನ ಶ್ರುತಿಯ ತಂತಿಗಳನ್ನು ಹಗುರವಾಗಿ ಮುಟ್ಟಿ, ಎರಡು ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಇಡೀ ಕಾರ್ಡನ್ನು ಒತ್ತುಕೊಟ್ಟು ಬಾರಿಸಿ, ಆ ಕೂಡಲೇ ಎಡಗೈಯ ಬೆರಳುಗಳನ್ನು ಸಡಿಲಿಸಿ ನಾದವನ್ನು ಕತ್ತರಿಸಬೇಕು. ಇವುಗಳ ನಡುವೆ ಮೇಲ್ಮುಖವಾದ ಒಂದು ಕ್ಷಿಪ್ರ ಮೀಟು ಬರುತ್ತದೆ. ಅದು ಕೇಳಿಯೂ ಕೇಳದಂತಿರಬೇಕು. ಆ ಮೀಟು ಎಣಿಕೆಗೆ ಎಷ್ಟು ಹತ್ತಿರ ಬೀಳುತ್ತದೆ ಎಂಬುದರ ಮೇಲೆ ಲಯದ ತೂಗು ನಿಂತಿದೆ, ಮತ್ತು ಪ್ರತಿಯೊಂದು ಪ್ರದೇಶದ ವಾದಕರಿಗೂ ಅದರ ಬಗ್ಗೆ ತಮ್ಮದೇ ಆದ ಪಟ್ಟುಗಳಿವೆ.

ಈ ಎಲ್ಲ ಅಂಶಗಳು ಮೊದಲು ಒಂದುಗೂಡಿದ್ದು 1934ರಲ್ಲಿ. ಪ್ಯಾರಿಸ್ಸಿನ ಕ್ಲಾರಿಜ್ ಹೋಟೆಲಿನಲ್ಲಿ ನೃತ್ಯವೃಂದವೊಂದರಲ್ಲಿ ದುಡಿಯುತ್ತಿದ್ದ ಜಾಂಗೊ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಬಿಡುವಿನ ವೇಳೆಯಲ್ಲಿ ತೆರೆಮರೆಯಲ್ಲಿ ಕುಳಿತು ತಮ್ಮ ಸಂತೋಷಕ್ಕಾಗಿ ನುಡಿಸಿಕೊಳ್ಳುತ್ತಿದ್ದರು. ಜೋಸೆಫ್ ರೈನ್‌ಹಾರ್ಟ್ ಲಯಗಿಟಾರಿಗೂ ಲೂಯಿ ವೊಲಾ ಬಾಸ್ ಎಂಬ ತಗ್ಗುಶ್ರುತಿಯ ದೊಡ್ಡ ತಂತಿವಾದ್ಯಕ್ಕೂ ಸೇರಿಕೊಂಡರು. ಗ್ರಾಪೆಲ್ಲಿಯವರ ಸರದಿಯಲ್ಲಿ ಅವರ ಬೆನ್ನಿಗೆ ಎರಡು ಗಿಟಾರುಗಳಿರುತ್ತವೆ, ತಮ್ಮ ಸರದಿಯಲ್ಲಿ ಮಾತ್ರ ಒಂದೇ ಎಂದು ಜಾಂಗೊ ದೂರಿದ್ದರಿಂದ ರೋಜೆ ಶಾಪು ಮೂರನೆಯ ಗಿಟಾರಿಗೆ ಬಂದರೆಂಬ ಮಾತು ಪ್ರಸಿದ್ಧವಾಗಿದೆ. ಹೀಗೆ ಐವರಾದ ಮೇಳಕ್ಕೆ 'ಹಾಟ್ ಕ್ಲಬ್ ಡಿ ಫ್ರಾನ್ಸ್ ಕ್ವಿಂಟೆಟ್' ಎಂದು ಹೆಸರಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದರ ಮೊದಲ ಧ್ವನಿಮುದ್ರಣಗಳು ನಡೆದವು. 1939ರಲ್ಲಿ ಯುದ್ಧ ಆರಂಭವಾದಾಗ ಮೇಳವು ಲಂಡನ್ನಿನಲ್ಲಿತ್ತು. ಗ್ರಾಪೆಲ್ಲಿ ಅಲ್ಲಿಯೇ ಉಳಿದರು, ಜಾಂಗೊ ಪ್ಯಾರಿಸ್ಸಿಗೆ ಮರಳಿ ಪಿಟೀಲಿನ ಸ್ಥಾನಕ್ಕೆ ಕ್ಲಾರಿನೆಟ್ ತಂದರು. ನಾಜಿಗಳು ಯುರೋಪಿನ ಉದ್ದಗಲಕ್ಕೂ ರೋಮಾ ಜನರನ್ನು ಕೊಲ್ಲುತ್ತಿದ್ದ ಆ ವರ್ಷಗಳಲ್ಲಿಯೇ, ಆಕ್ರಮಿತ ಪ್ಯಾರಿಸ್ಸಿನಲ್ಲಿ ಒಬ್ಬ ಮನೂಶ್ ವಾದಕನ ರಾಗವು ಜನಜನಿತವಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಜಾಂಗೊ ತಮ್ಮ ಸಂಗೀತವನ್ನು ಜಾಜ್ ಮನೂಶ್ ಎಂದು ಕರೆದವರಲ್ಲ; ಅವರ ಜೀವಿತಕಾಲದಲ್ಲಿ ಆ ಹೆಸರು ಚಲಾವಣೆಯಲ್ಲಿರಲಿಲ್ಲ, ಅವರಿಗೆ ಅದು ಜಾಜ್ ಅಷ್ಟೇ. ಅವರ ತರುವಾಯ ಫ್ರಾನ್ಸ್, ಜರ್ಮನಿ ಮತ್ತು ನೆದರ್ಲೆಂಡ್ಸ್ ದೇಶಗಳ ಮನೂಶ್ ಹಾಗೂ ಅವರ ಸೋದರ ಪಂಗಡವಾದ ಸಿಂತಿ ಕುಟುಂಬಗಳು ಆ ಧ್ವನಿಮುದ್ರಣಗಳನ್ನೇ ಪಠ್ಯವಾಗಿಸಿಕೊಂಡು ಮಕ್ಕಳಿಗೆ ಕಲಿಸಿದಾಗ, 1930ರ ದಶಕದ ಮೇಳದ ನಾದವೇ ಒಂದು ಸಮುದಾಯದ ಸಂಪ್ರದಾಯವಾಗಿ ಗಟ್ಟಿಗೊಂಡು, ಸಂಪ್ರದಾಯಕ್ಕೆ ಹೆಸರೂ ಬಂತು. ಬಿರೆಲಿ ಲಾಗ್ರೇನ್, ಸ್ಟೊಖೆಲೊ ರೋಸನ್‌ಬರ್ಗ್ ಮೊದಲಾದವರು ಆ ಮನೆತನಗಳಲ್ಲಿ ಬೆಳೆದವರು. ಇಂದು ಮನೂಶರಲ್ಲದ ಅಸಂಖ್ಯ ವಾದಕರೂ ಇದನ್ನು ನುಡಿಸುತ್ತಾರೆ. ಹೀಗೆ ಜನಾಂಗವೊಂದರ ಹೆಸರು ಹೊತ್ತ ಈ ಪದವು ವಾಸ್ತವವಾಗಿ ಹೇಳುವುದು ಒಂದು ನಿರ್ದಿಷ್ಟ ಗಿಟಾರ್, ಒಂದು ಬಗೆಯ ಮೀಟು, ಒಂದು ಬಗೆಯ ಲಯ ಮತ್ತು ಒಬ್ಬರ ಮನೋಧರ್ಮದಿಂದ ಹೊರಟ ನುಡಿಗಟ್ಟುಗಳ ಸಮೂಹವನ್ನು.

ಜಾಂಗೊ ಮಾತ್ರ ಆ ಸಮೂಹದೊಳಗೆ ನಿಲ್ಲಲಿಲ್ಲ. 1946ರಲ್ಲಿ ಡ್ಯೂಕ್ ಎಲಿಂಗ್ಟನ್ ವೃಂದದೊಂದಿಗೆ ಅಮೆರಿಕದಲ್ಲಿ ಪ್ರವಾಸ ಮಾಡಿದಾಗ ಅವರು ವಿದ್ಯುತ್ ಗಿಟಾರ್ ನುಡಿಸಿದರು. ಹಿಂದಿರುಗಿದ ಮೇಲೆ ಬೀಬಾಪ್ ಎಂಬ ಹೊಸ ಜಾಜಿನ ಕಡಿದಾದ ಸ್ವರಮಾರ್ಗಗಳನ್ನು ತಮ್ಮದಾಗಿಸಿಕೊಂಡರು. 1953ರ ಏಪ್ರಿಲಿನಲ್ಲಿ ನಡೆದ ಅವರ ಕೊನೆಯ ಧ್ವನಿಮುದ್ರಣದಲ್ಲಿ ಪಿಟೀಲಿಲ್ಲ, ಪಂಪಿನ ಲಯವಿಲ್ಲ, ಪಕ್ಕದ ಗಿಟಾರುಗಳೂ ಇಲ್ಲ. ಯುವಕ ಮಾರ್ಸಿಯಲ್ ಸೊಲಾಲ್ ಅವರ ಪಿಯಾನೊ ಇದೆ, ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಾಫೋನ್ ಇದೆ, ಬಾಸ್ ಮತ್ತು ಡ್ರಮ್ ಇವೆ, ಅವುಗಳ ನಡುವೆ ವಿದ್ಯುತ್ತಿನಿಂದ ದನಿ ಹಿಗ್ಗಿದ ಗಿಟಾರ್ ಇದೆ. ಮುಂದಿನ ತಿಂಗಳು 16ರಂದು, 43ನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು.